ಗುಂಪಿನಲ್ಲಿ ಕಂಪನಿಯವರು: ಓದುಗರ ಪ್ರಶ್ನೆಗಳಿಗೆ ಉತ್ತರ

ತಾಂತ್ರಿಕ ವಿಷಯಗಳ ಆನ್‌ಲೈನ್ ಗುಂಪುಗಳಲ್ಲಿ ಮಾರುವವರೂ ಕೊಂಡವರೂ ಒಂದೇ ಜಗಲಿಯ ಮೇಲೆ ಕೂತಿರುತ್ತಾರೆ. ಯಾರು ಯಾರೆಂದು ಗೊತ್ತಿರುವವರೆಗೆ ಮಾತು ಚೆನ್ನಾಗಿಯೇ ಸಾಗುತ್ತದೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಆ ಗುರುತು ಮಸುಕಾದಾಗ ಎದ್ದ ಜಗಳಗಳ ಬಗ್ಗೆಯೇ ಇವೆ.

ಪ್ರಶ್ನೆ: ಸೋಲಾರ್ ಚಾರ್ಜ್ ಕಂಟ್ರೋಲರ್ (ಪ್ಯಾನೆಲ್ಲಿನಿಂದ ಬ್ಯಾಟರಿಗೆ ಹೋಗುವ ವಿದ್ಯುತ್ತನ್ನು ಹಿಡಿತದಲ್ಲಿಡುವ ಸಾಧನ) ತಯಾರಿಸುವ ಚಿಕ್ಕ ಕಂಪನಿಯೊಂದರಲ್ಲಿ ಸಪೋರ್ಟ್ ಎಂಜಿನಿಯರ್ ಆಗಿದ್ದೇನೆ. ಗುಂಪಿನಲ್ಲಿ ಒಬ್ಬರು ತಮ್ಮ 12 ವೋಲ್ಟ್ ಬ್ಯಾಟರಿ ಸಂಜೆಯಾದರೂ ಪೂರ್ತಿ ಚಾರ್ಜ್ ಆಗುತ್ತಿಲ್ಲ, ಯಾವ ಕಂಟ್ರೋಲರ್ ತಗೊಳ್ಳಲಿ ಎಂದು ಕೇಳಿದ್ದರು. ನಮ್ಮ ಮಾಡೆಲ್ ಹೆಸರು, ಲಿಂಕ್ ಕೊಟ್ಟೆ. ಅಡ್ಮಿನ್ ಅದನ್ನು ಜಾಹೀರಾತು ಎಂದು ತೆಗೆದುಹಾಕಿದರು. ಗೊತ್ತಿದ್ದದ್ದನ್ನು ಹೇಳಿದ್ದು ತಪ್ಪೇ?

ಉತ್ತರ: ಹೇಳಿದ್ದು ತಪ್ಪಲ್ಲ. ನೀವು ಯಾರೆಂದು ಹೇಳದೆ ಹೇಳಿದ್ದು ತಪ್ಪು. ಎರಡನೆಯ ತಪ್ಪು, ಕೇಳಿದವರ ತೊಂದರೆ ಏನೆಂದು ನೋಡುವ ಮೊದಲೇ ಮಾಲು ತೋರಿಸಿದ್ದು. ಅದೇ ಪ್ರಶ್ನೆಗೆ ಹೀಗೆ ಬರೆದಿದ್ದರೆ ಯಾವ ಅಡ್ಮಿನ್ ಕೂಡ ಕೈ ಹಾಕುತ್ತಿರಲಿಲ್ಲ:

"ನಾನು ಚಾರ್ಜ್ ಕಂಟ್ರೋಲರ್ ತಯಾರಿಸುವ ಕಂಪನಿಯ ಉದ್ಯೋಗಿ. ಹೊಸದನ್ನು ಕೊಳ್ಳುವ ಮೊದಲು ಎರಡು ಅಳತೆ ತೆಗೆದು ನೋಡಿ. ಬಿಸಿಲು ಚೆನ್ನಾಗಿರುವಾಗ ಬ್ಯಾಟರಿಯ ಟರ್ಮಿನಲ್ ಮೇಲೆ ಎಷ್ಟು ವೋಲ್ಟ್ ಇದೆ? ಅದೇ ಹೊತ್ತಿನಲ್ಲಿ ಕಂಟ್ರೋಲರಿನ ಬ್ಯಾಟರಿ ಟರ್ಮಿನಲ್ ಮೇಲೆ ಎಷ್ಟಿದೆ? ಎರಡರ ನಡುವೆ ಅರ್ಧ ವೋಲ್ಟಿನಷ್ಟು ವ್ಯತ್ಯಾಸ ಬಂದರೆ ದೋಷ ಸಣ್ಣ ತಂತಿಯಲ್ಲೋ ತಂತಿಯ ತುದಿಯ ಸಡಿಲವಾದ ಲಗ್ಗಿನಲ್ಲೋ (ಲೋಹದ ಕೊಂಡಿಯಲ್ಲೋ) ಇದೆ. ಹೊಸ ಕಂಟ್ರೋಲರ್ ಅದನ್ನು ಸರಿ ಮಾಡುವುದಿಲ್ಲ. ವ್ಯತ್ಯಾಸ ಇಲ್ಲದಿದ್ದರೆ ಪ್ಯಾನೆಲ್ಲಿನ ವಾಟ್ ಎಷ್ಟು, ಬ್ಯಾಟರಿ ಎಷ್ಟು ಆಂಪಿಯರ್-ಅವರ್, ರಾತ್ರಿ ಎಷ್ಟು ಲೋಡ್ ಹಾಕುತ್ತೀರಿ ತಿಳಿಸಿ. ನಮ್ಮ ಮಾಡೆಲ್ 20 ಆಂಪಿಯರ್‌ವರೆಗೆ ಮಾತ್ರ. ನಿಮ್ಮ ಪ್ಯಾನೆಲ್ ಅದಕ್ಕಿಂತ ಹೆಚ್ಚು ಕೊಡುವಂತಿದ್ದರೆ ನಿಮಗೆ ನಮ್ಮದು ಆಗುವುದಿಲ್ಲ."

ಕೊನೆಯ ವಾಕ್ಯ ನೋಡಿ. 'ನಮ್ಮದು ನಿಮಗೆ ಆಗುವುದಿಲ್ಲ' ಎಂದು ಬಾಯಿಬಿಟ್ಟು ಹೇಳುವ ಕಂಪನಿಯವರ ಮಾತಿಗೆ ಆ ಗುಂಪಿನಲ್ಲಿ ಮುಂದೆ ತೂಕ ಬರುತ್ತದೆ. ಇದನ್ನು ತಂತ್ರವಾಗಿ ಬಳಸಿ ಎನ್ನುತ್ತಿಲ್ಲ. ನಿಜವಾಗಿದ್ದಾಗ ಮುಚ್ಚಿಡಬೇಡಿ.

ಪರಿಚಯದ ಸಾಲು ಪ್ರತಿ ಥ್ರೆಡ್ಡಿನಲ್ಲೂ ನಿಮ್ಮ ಮೊದಲ ಪೋಸ್ಟಿನ ಮೊದಲ ಸಾಲೇ ಆಗಿರಲಿ. ಪ್ರೊಫೈಲ್‌ನಲ್ಲಿ ಬರೆದಿದ್ದೇನಲ್ಲ ಎಂದರೆ ಸಾಲದು. ವರ್ಷಗಳ ನಂತರ ಹುಡುಕಾಟದಿಂದ ಬರುವವರು ಆ ಒಂದು ಪೋಸ್ಟನ್ನಷ್ಟೇ ಓದಿ ಹೋಗುತ್ತಾರೆ. ನಿಮ್ಮ ಪ್ರೊಫೈಲ್ ತೆರೆಯುವುದಿಲ್ಲ. ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋನಲ್ಲಿ ಕೂಡ ಸ್ವಂತ ಉತ್ಪನ್ನದ ಮಾತೆತ್ತಿದರೆ ಸಂಬಂಧವನ್ನು ಆ ಉತ್ತರದಲ್ಲೇ ಹೇಳಬೇಕೆಂಬುದು ನಿಯಮ. ಲಿಂಕ್ ಕೊಡಲೇಬೇಕಾದರೆ ಖರೀದಿ ಪುಟಕ್ಕೆ ಕೊಡಬೇಡಿ, ಮ್ಯಾನುಯಲ್ಲಿನ ಸಂಬಂಧಪಟ್ಟ ಪುಟಕ್ಕೆ ಕೊಡಿ. ಲಿಂಕ್ ಒಂದು ದಿನ ಸಾಯುತ್ತದೆ, ಹಾಗಾಗಿ ತಿರುಳನ್ನು ಪೋಸ್ಟಿನಲ್ಲೇ ಬರೆಯಿರಿ. ಪ್ರಶ್ನೆ ಕೇಳಿದವರಿಗೆ ಖಾಸಗಿ ಸಂದೇಶ ಕಳಿಸಿ ವ್ಯಾಪಾರ ಕುದುರಿಸುವುದಂತೂ ಬೇಡವೇ ಬೇಡ. ಪ್ರತಿಸ್ಪರ್ಧಿ ಕಂಪನಿಯ ಮಾಲಿನ ಬಗ್ಗೆ ಬಾಯಿ ಹಾಕದಿರುವುದೇ ವಾಸಿ. ಯಾರೋ ತಪ್ಪು ಅಂಕಿ ಕೊಟ್ಟಿದ್ದರೆ ಆ ಕಂಪನಿಯದೇ ಮ್ಯಾನುಯಲ್ಲಿನ ಪುಟ ಸಂಖ್ಯೆ ಹೇಳಿ ಸುಮ್ಮನಾಗಿ.

ಅಡ್ಮಿನ್‌ಗಳು ಇಷ್ಟು ಬಿಗಿಯಾಗಿರುವುದಕ್ಕೆ ಹಳೆಯ ಗಾಯವೂ ಕಾರಣ. 1994ರ ಏಪ್ರಿಲ್‌ನಲ್ಲಿ ಕ್ಯಾಂಟರ್ ಮತ್ತು ಸೀಗಲ್ ಎಂಬ ಅಮೆರಿಕದ ವಕೀಲ ದಂಪತಿ ಗ್ರೀನ್ ಕಾರ್ಡ್ ಲಾಟರಿಯ ತಮ್ಮ ಜಾಹೀರಾತನ್ನು ಯೂಸ್‌ನೆಟ್ ಎಂಬ ಅಂದಿನ ಆನ್‌ಲೈನ್ ಚರ್ಚಾಜಾಲದ ಸಾವಿರಾರು ಗುಂಪುಗಳಿಗೆ ಒಂದೇ ಸಲ ಸುರಿದರು. ವಿಷಯಕ್ಕೂ ಗುಂಪಿಗೂ ಎತ್ತಣಿಂದೆತ್ತ ಸಂಬಂಧ? ಮಾರುವವರ ಮೇಲಿನ ಗುಮಾನಿ ಅಂಥವುಗಳಿಂದಲೇ ಬೇರೂರಿದ್ದು. ಅದನ್ನು ಕರಗಿಸಲು ನಿಮ್ಮಂಥವರಿಂದ ಮಾತ್ರ ಸಾಧ್ಯ. ದಯವಿಟ್ಟು ಗುಂಪು ಬಿಡಬೇಡಿ.

ಪ್ರಶ್ನೆ: ನಮ್ಮ ರೂಟರ್ ಬಗ್ಗೆ ಗ್ರಾಹಕರೊಬ್ಬರು "ದಿನಕ್ಕೆ ನಾಲ್ಕು ಸಲ ರೀಸ್ಟಾರ್ಟ್ ಆಗುತ್ತದೆ, ಕಸ, ಕಳ್ಳರು" ಎಂದು ಬರೆದಿದ್ದಾರೆ. ಮ್ಯಾನೇಜರ್ ಆ ಪೋಸ್ಟ್ ತೆಗೆಸು ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ತೆಗೆಸಬೇಡಿ. ದೂರು ತೆಗೆಸಿದರೆ 'ದೂರು ತೆಗೆಸಿದರು' ಎಂಬ ಎರಡನೆಯ ದೂರು ಹುಟ್ಟುತ್ತದೆ, ಅದು ಮೊದಲಿನದಕ್ಕಿಂತ ದೂರ ಹೋಗುತ್ತದೆ. 'ಕಸ', 'ಕಳ್ಳರು' ಎಂಬ ಎರಡು ಪದಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ. 'ದಿನಕ್ಕೆ ನಾಲ್ಕು ಸಲ' ಎಂಬುದನ್ನು ಹಿಡಿದುಕೊಳ್ಳಿ. ಆ ಪೋಸ್ಟಿನಲ್ಲಿ ನಿಮಗೆ ಬೇಕಾದ ಮಾಹಿತಿ ಅದೊಂದೇ.

ಒಂದು ಕೆಲಸದ ದಿನದೊಳಗೆ ಅದೇ ಥ್ರೆಡ್ಡಿನಲ್ಲಿ ಉತ್ತರ ಬೀಳಲಿ. ಪರಿಹಾರ ಸಿಕ್ಕ ಮೇಲೆ ಬರೆಯೋಣ ಎಂದು ಕಾಯಬೇಡಿ. ನೀವು ಯಾರು, ಏನು ಓದಿದಿರಿ, ಏನು ಬೇಕು, ಮತ್ತೆ ಯಾವಾಗ ಬರುತ್ತೀರಿ, ಇಷ್ಟು ಸಾಕು: "ಈ ರೂಟರಿನ ಸಪೋರ್ಟ್ ವಿಭಾಗದಲ್ಲಿದ್ದೇನೆ. ದಿನಕ್ಕೆ ನಾಲ್ಕು ಸಲ ನಿಂತರೆ ಕೆಲಸ ಮಾಡಲಾಗದು ಎಂಬುದು ಅರ್ಥವಾಗುತ್ತದೆ. ಫರ್ಮ್‌ವೇರ್ (ರೂಟರಿನೊಳಗಿನ ಸಾಫ್ಟ್‌ವೇರ್) ಆವೃತ್ತಿ, ರೀಸ್ಟಾರ್ಟ್ ಆದ ಸಮಯಗಳು, ಜೊತೆಗೆ ಬಂದ ಅಡಾಪ್ಟರನ್ನೇ ಬಳಸುತ್ತಿದ್ದೀರಾ ಎಂಬುದು ಬೇಕು. ರೂಟರ್ ತಾನೇ ಬರೆದಿಡುವ ದಾಖಲೆ, ಅಂದರೆ ಲಾಗ್, ಕಳಿಸುವುದಾದರೆ ಸೀರಿಯಲ್ ನಂಬರ್ ಮತ್ತು ಪಾಸ್‌ವರ್ಡ್ ಅಳಿಸಿ ಕಳಿಸಿ. ಗುರುವಾರ ಸಂಜೆಯೊಳಗೆ ಇಲ್ಲೇ ಮತ್ತೆ ಬರೆಯುತ್ತೇನೆ."

ಗುರುವಾರ ಏನೂ ತಿಳಿಯದಿದ್ದರೂ ಬನ್ನಿ. "ಇನ್ನೂ ಕಾರಣ ಸಿಕ್ಕಿಲ್ಲ, ಅಡಾಪ್ಟರ್ ಬದಲಿಸಿ ನೋಡಿದೆವು, ಅದಲ್ಲ" ಎಂದಷ್ಟೇ ಬರೆದರೂ ಸಿಟ್ಟು ಅರ್ಧ ಇಳಿಯುತ್ತದೆ. ಹೆಚ್ಚಿನ ಕಂಪನಿಗಳು ಸೋಲುವುದು ಇಲ್ಲಿಯೇ. "ಇನ್‌ಬಾಕ್ಸ್‌ಗೆ ಬನ್ನಿ" ಎಂದು ಬರೆದು ಮಾಯವಾಗುತ್ತಾರೆ. ವಿಳಾಸ, ಬಿಲ್ಲು, ಸೀರಿಯಲ್ ನಂಬರ್ ಖಾಸಗಿಯಾಗಿ ಪಡೆಯುವುದು ಸರಿಯೇ. ಆದರೆ ಕೊನೆಗೆ ಏನಾಯಿತೆಂಬುದು ಥ್ರೆಡ್ಡಿಗೆ ಮರಳಿ ಬರಬೇಕು. ಅದೇ ತೊಂದರೆ ಇರುವ ಇನ್ನಷ್ಟು ಮಂದಿ ಬಾಯಿಬಿಡದೆ ಅಲ್ಲಿ ಕಾಯುತ್ತಿರುತ್ತಾರೆ.

ಎರಡು ಕೆಲಸ ಖಂಡಿತ ಮಾಡಬೇಡಿ. ಪೋಸ್ಟ್ ಅಳಿಸಿದರೆ ಹಣ ವಾಪಸ್ ಎಂಬ ಷರತ್ತು ಹಾಕಬೇಡಿ. ಹಾಗೆಯೇ "ನೀವು ವಾರಂಟಿ ಮುಗಿದ ಮೇಲೆ ಮೂರು ಸಲ ಕರೆ ಮಾಡಿದ್ದಿರಿ" ಎಂದು ಗ್ರಾಹಕರ ದಾಖಲೆಯನ್ನು ಎಲ್ಲರೆದುರು ಬಿಚ್ಚಬೇಡಿ. ವಾದದಲ್ಲಿ ಗೆದ್ದರೂ ಮಿಕ್ಕ ಸದಸ್ಯರಿಗೆ ಕಾಣುವುದು 'ನಾಳೆ ನಮ್ಮದನ್ನೂ ಬಿಚ್ಚುತ್ತಾರೆ' ಎಂಬುದೇ.

ಪ್ರಶ್ನೆ: ನಾನು ಕೊಂಡ ಪವರ್ ಸಪ್ಲೈ ಕೆಟ್ಟುಹೋಯಿತು. ಸಪೋರ್ಟ್‌ನವರು ಎರಡು ವಾರ ಸತಾಯಿಸಿದರು. ರೋಸಿ ಹೋಗಿ ಗುಂಪಿನಲ್ಲಿ ಬರೆದೆ. ಭಾಷೆ ಸರಿಯಿಲ್ಲ ಎಂದು ನನ್ನನ್ನೇ ಒಂದು ವಾರ ಹೊರಗಿಟ್ಟರು. ನ್ಯಾಯವೇ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಬೈಗುಳವಿದ್ದ ದೂರಿನಲ್ಲಿ ಕಂಪನಿಗೆ ತಪ್ಪಿಸಿಕೊಳ್ಳುವ ದಾರಿ ಸಿಗುತ್ತದೆ; ಚರ್ಚೆ ನಿಮ್ಮ ಭಾಷೆಯ ಕಡೆ ಹೊರಳಿ ಪವರ್ ಸಪ್ಲೈ ಮರೆತೇಹೋಗುತ್ತದೆ. ತಪ್ಪಿಸಿಕೊಳ್ಳಲಾಗದಂಥ ದೂರು ಹೀಗಿರುತ್ತದೆ: "ಮಾಡೆಲ್ ಇದು, ಕೊಂಡ ತಿಂಗಳು ಇದು. 12 ವೋಲ್ಟ್ ಇರಬೇಕಾದ ಔಟ್‌ಪುಟ್ 3 ಆಂಪಿಯರ್ ಲೋಡ್ ಹಾಕಿದಾಗ 9.4ಕ್ಕೆ ಇಳಿಯುತ್ತದೆ. ಹತ್ತು ಸಲ ನೋಡಿದೆ, ಹತ್ತೂ ಸಲ ಹಾಗೇ. ಲೋಡ್ ತೆಗೆದರೆ 12.1. ಬೇರೆ ಮಲ್ಟಿಮೀಟರಿನಲ್ಲೂ ಇದೇ ಬಂತು. ಸಪೋರ್ಟ್‌ನಲ್ಲಿ ದೂರಿನ ಟಿಕೆಟ್ ಹಾಕಿದ ದಿನ, ಅವರು ಕೊಟ್ಟ ಉತ್ತರ, ಆಮೇಲೆ ಉತ್ತರವಿಲ್ಲದ ದಿನಗಳು ಇವು."

ಕಂಡದ್ದನ್ನು ಒಂದು ಕಡೆ, ಊಹೆಯನ್ನು ಇನ್ನೊಂದು ಕಡೆ ಇಡಿ. '9.4ಕ್ಕೆ ಇಳಿಯುತ್ತದೆ' ಎಂಬುದು ಕಂಡದ್ದು. 'ಕಪಾಸಿಟರ್ ಸತ್ತಿರಬೇಕು' ಎಂಬುದು ಊಹೆ, ಹಾಗೆಂದೇ ಬರೆಯಿರಿ. 'ಬೇಕೆಂದೇ ಕಳಪೆ ಮಾಲು ಹಾಕಿದ್ದಾರೆ' ಎಂಬುದಕ್ಕೆ ಒಂದು ಪೀಸ್ ಕೆಟ್ಟದ್ದು ಸಾಕ್ಷಿಯಾಗದು. ಸಪೋರ್ಟ್ ಸಿಬ್ಬಂದಿಯ ಹೆಸರು, ಫೋನ್ ನಂಬರ್ ಹಾಕಬೇಡಿ. ಟಿಕೆಟ್ ಹಿಂದಿರುವ ವ್ಯಕ್ತಿ ನಿಮ್ಮ ಪವರ್ ಸಪ್ಲೈ ತಯಾರಿಸಿದವರಲ್ಲ. 1995ರ ಅಕ್ಟೋಬರ್‌ನಲ್ಲಿ ಬಂದ ಆರ್‌ಎಫ್‌ಸಿ 1855 ಎಂಬ ಅಂತರ್ಜಾಲ ಶಿಷ್ಟಾಚಾರದ ಕೈಪಿಡಿಯಲ್ಲಿ, ಭಾವಾವೇಶದ ಉತ್ತರವನ್ನು ಕಳಿಸುವ ಮೊದಲು ಒಂದು ರಾತ್ರಿ ಕಾಯಿರಿ ಎಂಬ ಸಲಹೆ ಇದೆ. ಬರೆದು ಡ್ರಾಫ್ಟ್‌ನಲ್ಲಿಡಿ, ಬೆಳಗ್ಗೆ ವಿಶೇಷಣಗಳನ್ನೆಲ್ಲ ಕಿತ್ತು ಅಂಕಿಗಳನ್ನು ಉಳಿಸಿ.

ಅಡ್ಮಿನ್ ಮಾಡಿದ್ದು ಪೂರ್ತಿ ಸರಿಯೆಂದೇನೂ ಅಲ್ಲ. ಭಾಷೆಯೊಂದೇ ತೊಂದರೆಯಾಗಿದ್ದರೆ ಪೋಸ್ಟನ್ನು ತಿದ್ದಲು ವಾಪಸ್ ಕಳಿಸಬೇಕಿತ್ತು. ದೂರಿನ ತಿರುಳನ್ನೂ ಸೇರಿಸಿ ಅಳಿಸಿದರೆ ಗುಂಪು ಕಂಪನಿಯ ಪರ ಎಂದೇ ಜನ ತಿಳಿಯುತ್ತಾರೆ.

ಪ್ರಶ್ನೆ: ಹೊಸ ಖಾತೆಗಳು ಸಾಲಾಗಿ ಬಂದು ಒಂದೇ ಉತ್ಪನ್ನ ಹೊಗಳುತ್ತಿವೆ. ಇವೆಲ್ಲ ಕಂಪನಿಯದೇ ನಕಲಿ ಖಾತೆಗಳು ಎಂದು ಬಯಲು ಮಾಡಲೇ?

ಉತ್ತರ: ಎಲ್ಲರೆದುರು ಬೇಡ. ಉತ್ಸಾಹದ ಹೊಸಬರೊಬ್ಬರನ್ನು ನಕಲಿ ಎಂದು ಕರೆದರೆ ಅವರು ಮತ್ತೆ ಬರುವುದಿಲ್ಲ. ಪೋಸ್ಟ್‌ಗಳ ಲಿಂಕ್, ಖಾತೆ ತೆರೆದ ದಿನಾಂಕ, ಮರುಕಳಿಸುವ ಪದಗುಚ್ಛ, ಬೇರೆ ವಿಷಯದಲ್ಲಿ ಒಂದಾದರೂ ಪೋಸ್ಟ್ ಇದೆಯೇ, ಇಷ್ಟನ್ನು ಒಟ್ಟುಮಾಡಿ ಮಾಡರೇಟರ್‌ಗೆ ಕಳಿಸಿ. ಐಪಿ ವಿವರ (ಖಾತೆ ಯಾವ ಇಂಟರ್ನೆಟ್ ಸಂಪರ್ಕದಿಂದ ಬಂತೆಂಬುದು) ನೋಡುವ ಅಧಿಕಾರ ಗುಂಪಿನಲ್ಲಿ ಯಾರಿಗಾದರೂ ಇದ್ದರೆ ಅವರಂಥವರಿಗೇ.

ಹೊಗಳುವ ಖಾತೆಗಳಿಗಿಂತ ಬೈಯುವ ಖಾತೆಗಳು ಹೆಚ್ಚು ಹಾನಿ ಮಾಡಬಲ್ಲವು. ಎಕ್ಸ್‌ಝಡ್ ಎಂಬ ಕಂಪ್ರೆಷನ್ ಸಾಫ್ಟ್‌ವೇರ್‌ನಲ್ಲಿ ನಡೆದದ್ದು ಇದಕ್ಕೆ ಸಾಕ್ಷಿ. 2022ರಲ್ಲಿ, ಹಿಂದೆ ಎಲ್ಲೂ ಕಾಣದ ಕೆಲವು ಹೆಸರುಗಳು ಅದರ ಚರ್ಚೆಯಲ್ಲಿ ಎದ್ದು, ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ ಎಂದು ನಿರ್ವಾಹಕರ ಬೆನ್ನು ಬಿದ್ದವು. ಸಂಬಳವಿಲ್ಲದೆ ದುಡಿಯುತ್ತಿದ್ದ ಅವರು ಆರೋಗ್ಯವೂ ಸರಿಯಿಲ್ಲವೆಂದು ತೋಡಿಕೊಂಡಿದ್ದರು. ಕ್ರಮೇಣ ಅಧಿಕಾರ ಇನ್ನೊಂದು ಖಾತೆಗೆ ಹೋಯಿತು. 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲೊಂದು (ಹೊರಗಿನವರು ಕದ್ದು ಒಳನುಗ್ಗುವ ದಾರಿ) ಸೇರಿಕೊಂಡಿತು. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ 2024ರ ಮಾರ್ಚ್ 29ರಂದು ಅದನ್ನು ಬಯಲು ಮಾಡಿದರು. ಯಾರೋ ನಿರ್ವಾಹಕರನ್ನು ಹೀಗೆ ಹಿಂಡುತ್ತಿದ್ದರೆ ನೋಡಿಕೊಂಡು ಸುಮ್ಮನಿರಬೇಡಿ. "ಅವಸರವಿಲ್ಲ, ನಿಮಗಾದಾಗ ಮಾಡಿ" ಎಂಬ ಒಂದು ಸಾಲು ಬರೆಯಿರಿ.

ಪ್ರಶ್ನೆ: ಒಂದು ಕ್ಯಾಮೆರಾದಲ್ಲಿ ಪಾಸ್‌ವರ್ಡ್ ಇಲ್ಲದೆ ಒಳಹೊಕ್ಕುವ ದೋಷ ಕಂಡುಹಿಡಿದಿದ್ದೇನೆ. ಗುಂಪಿನಲ್ಲಿ ಹಾಕಬಹುದೇ?

ಉತ್ತರ: ಮೊದಲು ಕಂಪನಿಗೆ ತಿಳಿಸಿ. ಅವರ ವೆಬ್‌ಸೈಟ್ ವಿಳಾಸದ ಮುಂದೆ /.well-known/security.txt ಎಂದು ಸೇರಿಸಿ, ದೋಷ ತಿಳಿಸುವುದು ಹೇಗೆಂದು ಹೇಳುವ ಆ ಕಡತ ಇದೆಯೇ ನೋಡಿ. 2022ರ ಆರ್‌ಎಫ್‌ಸಿ 9116 ಎಂಬ ಅಂತರ್ಜಾಲ ದಸ್ತಾವೇಜಿನ ಪ್ರಕಾರ ಅದರಲ್ಲಿ ಸಂಪರ್ಕ ವಿಳಾಸ ಮತ್ತು ಮಾಹಿತಿಯ ಅವಧಿ ಮುಗಿಯುವ ದಿನಾಂಕ ಇರಲೇಬೇಕು. ಪತ್ರದಲ್ಲೇ ಪ್ರಕಟಿಸುವ ದಿನಾಂಕ ಹೇಳಿಬಿಡಿ. ಸಾಫ್ಟ್‌ವೇರ್‌ಗಳ ಭದ್ರತಾ ದೋಷ ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ಬಳಕೆಗೆ ತಂದ 90 ದಿನಗಳ ಗಡುವನ್ನು ಹಲವರು ಪಾಲಿಸುತ್ತಾರೆ. ಪ್ರಕಟಿಸದಿರಲು ಹಣ ಕೇಳಬೇಡಿ, ಅದು ಬೆದರಿಕೆಯಾಗುತ್ತದೆ. ಕಂಪನಿಯವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು: ದೋಷ ತಿಳಿಸಿದವರಿಗೆ ವಕೀಲರ ನೋಟಿಸು ಕಳಿಸಿದರೆ ಮುಂದಿನವರು ನಿಮಗೆ ತಿಳಿಸದೆ ನೇರವಾಗಿ ಪ್ರಕಟಿಸುತ್ತಾರೆ.

ಪ್ರಶ್ನೆ: ಕಂಪನಿಯ ಪ್ರತಿನಿಧಿಯೊಬ್ಬರು ಪ್ರತಿ ಪ್ರಶ್ನೆಗೂ ಎಐಯಿಂದ ಬರೆಸಿದ ಉದ್ದುದ್ದ ಉತ್ತರ ಅಂಟಿಸುತ್ತಾರೆ. ಬೇಡವೆನ್ನಬಹುದೇ?

ಉತ್ತರ: ಅನ್ನಬಹುದು. ಸ್ಟ್ಯಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲೇ ಚಾಟ್‌ಜಿಪಿಟಿ ಉತ್ತರಗಳನ್ನು ನಿಷೇಧಿಸಿತು. ನೋಡಲು ಸರಿಯೆನಿಸುವ ತಪ್ಪು ಉತ್ತರಗಳನ್ನು ಪರೀಕ್ಷಿಸಿ ಸಾಕಾಗಿತ್ತು ಅದಕ್ಕೆ. ಕಂಪನಿಯ ಹೆಸರಲ್ಲಿ ಬಂದ ತಪ್ಪು ಇನ್ನೂ ಅಪಾಯ, ಜನ ಅದನ್ನು ಅಧಿಕೃತ ಎಂದು ನಂಬಿ ತಂತಿ ಜೋಡಿಸುತ್ತಾರೆ. ತಾವೇ ಮಾಡಿ ನೋಡಿದ ಹಂತಗಳನ್ನು ಮಾತ್ರ ಬರೆಯಲಿ ಎಂಬ ನಿಯಮ ತನ್ನಿ.

ಪ್ರಶ್ನೆ: ಸಿಟ್ಟಿನಲ್ಲಿ ಕಂಪನಿಯವರಿಗೆ ಏನೇನೋ ಬರೆದೆ. ಆಮೇಲೆ ನೋಡಿದರೆ ತಪ್ಪು ನನ್ನದೇ, ಕೇಬಲ್ ತಿರುಗಾಮುರುಗಾ ಹಾಕಿದ್ದೆ. ಪೋಸ್ಟ್ ಅಳಿಸಲೇ?

ಉತ್ತರ: ಅಳಿಸಬೇಡಿ. ಕೆಳಗೆ ಬಂದ ಉತ್ತರಗಳಿಗೆ ತಲೆಬುಡ ಇಲ್ಲದಂತಾಗುತ್ತದೆ. ತಪ್ಪಾದ ಸಾಲುಗಳ ಮೇಲೆ ಗೆರೆ ಎಳೆಯಿರಿ. ಮೇಲೆ ದಿನಾಂಕ ಹಾಕಿ "ತಿದ್ದುಪಡಿ: ಕೇಬಲ್ ತಿರುಗಾಮುರುಗಾ ಇತ್ತು, ಉತ್ಪನ್ನದ ದೋಷವಲ್ಲ, ನನ್ನ ಮಾತಿಗೆ ಕ್ಷಮೆ ಇರಲಿ" ಎಂದು ಬರೆಯಿರಿ. ಶೀರ್ಷಿಕೆಯಲ್ಲೂ 'ಪರಿಹಾರವಾಗಿದೆ' ಎಂದು ಸೇರಿಸಿ. ದೊಡ್ಡವರೂ ಇದನ್ನು ಮಾಡಿದ್ದಾರೆ: ಲಿನಕ್ಸ್ ಕಟ್ಟಿದ ಲೀನಸ್ ಟೊರ್ವಾಲ್ಡ್ಸ್ 2018ರ ಸೆಪ್ಟೆಂಬರ್‌ನಲ್ಲಿ ತಮ್ಮ ಒರಟು ಮಾತುಗಳಿಗೆ ಡೆವಲಪರ್‌ಗಳೆದುರು ಬಹಿರಂಗವಾಗಿಯೇ ಕ್ಷಮೆ ಕೇಳಿ, ಸ್ವಲ್ಪ ಕಾಲ ಕೆಲಸದಿಂದ ದೂರವಿದ್ದರು. ಸಾಧ್ಯವಾದರೆ ತಿರುಗಾಮುರುಗಾ ಹಾಕಿದ್ದ ಕೇಬಲಿನ ಫೋಟೊ ಕೂಡ ಹಾಕಿ, ಆ ಕನೆಕ್ಟರ್ ಉಲ್ಟಾ ಕೂರುತ್ತದೆ ಎಂಬುದು ಕಂಪನಿಗೂ ಗೊತ್ತಾಗಲಿ.