ರಾಜ್ಯದ ರೇಡಿಯೇಷನ್ ಆಫೀಸನ್ನ ಚೆಕ್ ಮಾಡೋರು ಯಾರು?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ, ಅಮೆರಿಕದಲ್ಲಿ ವಿಕಿರಣ ವಸ್ತುಗಳಿಗೆ ರಾಜ್ಯ ಕೊಡೋ ಲೈಸೆನ್ಸನ್ನ ನಂಬಬಹುದಾ ಅಂತ, ಮಾತು ಮಾತ್ರ ಬೇರೆ ಬೇರೆ. ಹಿಂದೆ ಎರಡು ಸಲ ಚುಟುಕಾಗಿ ಹೇಳಿದ್ದೆ, ಸಾಕಾಗಿಲ್ಲ ಅಂತ ಕಾಣುತ್ತೆ. ಅದಕ್ಕೇ ಇವತ್ತು ಜಾಗ ಎಲ್ಲಾ ಅದಕ್ಕೆ, ಉಳಿದವಕ್ಕೆ ಒಂದೆರಡು ಸಾಲು. ಗಾಮಾ ಅಂದ್ರೇನು, ಐಸೋಟೋಪ್ ಅಂದ್ರೇನು ಅಂತ ಶುರುವಿಂದ ಹೇಳ್ತಾ ಕೂರಲ್ಲ, ಅದು ಪಿಯುಸಿ ಪುಸ್ತಕದಲ್ಲೇ ಇದೆ.

ಪ್ರಶ್ನೆ: ಮೇಡಂ, ನಾವು ಅಮೆರಿಕದಲ್ಲಿದೀವಿ. ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್, ಇಲ್ಲಿನ ಆಸ್ಪತ್ರೇಲಿ ಎಚ್‌ಡಿಆರ್ ಬ್ರಾಕಿಥೆರಪಿ (ವಿಕಿರಣ ಸೂಸೋ ಸಣ್ಣ ಸೋರ್ಸನ್ನ ಸ್ವಲ್ಪ ಹೊತ್ತು ಮೈಯೊಳಗೆ ಕಳಿಸಿ ಕೊಡೋ ಚಿಕಿತ್ಸೆ) ಮಾಡ್ತಾರಂತೆ. ಆಸ್ಪತ್ರೆಗೆ ಲೈಸೆನ್ಸ್ ಕೊಟ್ಟಿರೋದು ಫೆಡರಲ್ ಎನ್‌ಆರ್‌ಸಿ (ಅಮೆರಿಕ ಕೇಂದ್ರ ಸರ್ಕಾರದ ಪರಮಾಣು ನಿಯಂತ್ರಣ ಆಯೋಗ) ಅಲ್ಲ, ಸ್ಟೇಟು. ನಮ್ಮ ಸ್ಟೇಟಿನ ಪ್ರೋಗ್ರಾಂಗೆ ಎನ್‌ಆರ್‌ಸಿ ರಿವ್ಯೂನಲ್ಲಿ "ಸಾಕಷ್ಟಿದೆ, ಆದರೆ ಸುಧಾರಣೆ ಬೇಕು" ಅಂತ ಬಂದಿದೆ. ಬೇರೆ ಸ್ಟೇಟಿಗೆ ಕರ್ಕೊಂಡು ಹೋಗ್ಬೇಕಾ?

ಬೇಡ. ಇದೊಂದು ಕಾರಣಕ್ಕೆ ಟ್ರೀಟ್‌ಮೆಂಟ್ ಒಂದು ವಾರ ಕೂಡ ಮುಂದಕ್ಕೆ ಹಾಕ್ಬೇಡಿ.

ಮೊದಲು ಒಂದು ತಪ್ಪು ಕಲ್ಪನೆ ತೆಗೆದುಹಾಕಿ, ಸ್ಟೇಟ್ ಲೈಸೆನ್ಸ್ ಅಂದ್ರೆ ಎರಡನೇ ದರ್ಜೆ ಅನ್ನೋದು. 1959ರಲ್ಲಿ ಅಟಾಮಿಕ್ ಎನರ್ಜಿ ಆ್ಯಕ್ಟ್‌ಗೆ 274ನೇ ಸೆಕ್ಷನ್ ಸೇರಿಸಿದ್ರು. ರಾಜ್ಯಕ್ಕೆ ಇಷ್ಟ ಇದ್ರೆ, ಸಾಮರ್ಥ್ಯ ಇದ್ರೆ, ಒಪ್ಪಂದ ಮಾಡ್ಕೊಂಡು ವಿಕಿರಣ ವಸ್ತುಗಳ ಲೈಸೆನ್ಸು, ಇನ್‌ಸ್ಪೆಕ್ಷನ್ನು ತಾನೇ ವಹಿಸ್ಕೋಬಹುದು ಅಂತ. 1962ರಲ್ಲಿ ಕೆಂಟಕಿ ಮೊದಲು ಬಂತು, 2019ರಲ್ಲಿ ವರ್ಮಾಂಟ್ 39ನೇದಾಗಿ ಬಂತು. ಇವನ್ನ ಅಗ್ರಿಮೆಂಟ್ ಸ್ಟೇಟ್ ಅಂತಾರೆ. ರಿಯಾಕ್ಟರ್‌ಗಳು ಎನ್‌ಆರ್‌ಸಿ ಕೈಯಲ್ಲೇ ಉಳೀತವೆ, ಆದ್ರೆ ಆಸ್ಪತ್ರೆ, ಲ್ಯಾಬು, ಪೈಪ್ ವೆಲ್ಡಿಂಗಿನ ಎಕ್ಸ್‌ರೇ ತೆಗೆಯೋ ಇರಿಡಿಯಂ ಕ್ಯಾಮೆರಾ, ರಸ್ತೆ ಮಾಡುವಾಗ ಮಣ್ಣು ಎಷ್ಟು ಗಟ್ಟಿ ಕೂತಿದೆ ಅಂತ ಅಳೆಯೋ ಗೇಜು, ಇಂಥ ಲೈಸೆನ್ಸ್‌ಗಳಲ್ಲಿ ಬಹುಪಾಲು ಈಗ ರಾಜ್ಯಗಳದ್ದೇ. ಅಂದ್ರೆ ದೇಶದ ವಾಡಿಕೆಯೇ ಅದು, ನಿಮ್ಮ ಆಸ್ಪತ್ರೆ ಏನೋ ಸುಲಭದ ದಾರಿ ಹಿಡಿದಿದೆ ಅಂತಲ್ಲ.

ಎನ್‌ಆರ್‌ಸಿ ನೇರವಾಗಿ ನೋಡ್ಕೊಂಡ್ರೆ ಭದ್ರ ಅನ್ನೋರಿಗೆ ನಾನು ಯಾವಾಗ್ಲೂ 1992ರ ನವೆಂಬರ್ ನೆನಪಿಸ್ತೀನಿ. ಪೆನ್ಸಿಲ್ವೇನಿಯಾದಲ್ಲಿ ಇಂಡಿಯಾನಾ ಅನ್ನೋ ಊರಿನ ಒಂದು ಕ್ಯಾನ್ಸರ್ ಸೆಂಟರು, ನಿಮ್ಮಪ್ಪನಿಗೆ ಮಾಡ್ತಾರಲ್ಲ ಅದೇ ಎಚ್‌ಡಿಆರ್. ಇರಿಡಿಯಂ-192 ಸೋರ್ಸ್ ತಂತಿಯಿಂದ ಮುರಿದು ಪೇಷಂಟ್ ಮೈಯೊಳಗಿನ ಕ್ಯಾಥೆಟರ್‌ನಲ್ಲೇ ಉಳೀತು. ರೂಮಿನ ಅಲಾರಂ ಹೊಡ್ಕೊಂಡಿತು, ಅದೇ ಕೆಟ್ಟಿದೆ ಅಂದ್ಕೊಂಡ್ರು, ಕೈಲಿ ರೇಡಿಯೇಷನ್ ಅಳೆಯೋ ಮೀಟರ್ ಹಿಡ್ಕೊಂಡು ಯಾರೂ ಅಳೀಲಿಲ್ಲ. ಆಕೆಯನ್ನ ನರ್ಸಿಂಗ್ ಹೋಂಗೆ ವಾಪಸ್ ಕಳಿಸಿದ್ರು, ಕೆಲವೇ ದಿನದಲ್ಲಿ ತೀರ್ಕೊಂಡ್ರು. ಕ್ಯಾಥೆಟರ್ ಬಿದ್ದು ನರ್ಸಿಂಗ್ ಹೋಂನ ವೈದ್ಯಕೀಯ ಕಸಕ್ಕೆ ಸೇರಿತ್ತು, ಕಸದ ಲಾರಿ ಹೋದ ಕಡೆ ಗೇಟಿನ ರೇಡಿಯೇಷನ್ ಅಲಾರಂ ಹೊಡೆದಾಗಲೇ ಲೋಕಕ್ಕೆ ಗೊತ್ತಾಗಿದ್ದು. ಪೆನ್ಸಿಲ್ವೇನಿಯಾ ಆಗ ಅಗ್ರಿಮೆಂಟ್ ಸ್ಟೇಟ್ ಆಗಿರಲಿಲ್ಲ, ಲೈಸೆನ್ಸ್ ನೇರ ಎನ್‌ಆರ್‌ಸಿದು. ಕಾಗದದ ಮೇಲೆ ಯಾರ ಸೀಲಿದೆ ಅನ್ನೋದು ಆ ರೂಮಲ್ಲಿ ಉಪಯೋಗಕ್ಕೆ ಬರ್ಲಿಲ್ಲ, ಒಂದು ಮೀಟರ್ ಬಂದಿರ್ತಿತ್ತು.

ಈಗ ರಿವ್ಯೂ ವಿಷಯ. ಇದರ ಹೆಸರು ಇಂಪೆಪ್, 1990ರ ದಶಕದ ನಡುವೆ ಶುರುವಾಗಿದ್ದು. ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಒಂದು ತಂಡ ಬರುತ್ತೆ, ಅದರಲ್ಲಿ ಎನ್‌ಆರ್‌ಸಿಯವರು ಇರ್ತಾರೆ, ಬೇರೆ ರಾಜ್ಯದ ಇನ್‌ಸ್ಪೆಕ್ಟರ್‌ಗಳೂ ಇರ್ತಾರೆ. ಐದು ವಿಷಯ ಎಲ್ಲರಿಗೂ ಸಮಾನ: ಸಿಬ್ಬಂದಿ ಮತ್ತು ತರಬೇತಿ, ಇನ್‌ಸ್ಪೆಕ್ಷನ್ ಟೈಮಿಗೆ ಆಗ್ತಿದೆಯಾ, ಇನ್‌ಸ್ಪೆಕ್ಷನ್ ಗುಣಮಟ್ಟ, ಲೈಸೆನ್ಸ್ ಕೆಲಸದ ಗುಣಮಟ್ಟ, ಅಪಘಾತ ಮತ್ತೆ ದೂರುಗಳನ್ನ ಹೇಗೆ ನೋಡ್ಕೋತಾರೆ. ಕೊನೆಗೆ ಮ್ಯಾನೇಜ್‌ಮೆಂಟ್ ರಿವ್ಯೂ ಬೋರ್ಡ್ ಕೂತು ತೀರ್ಮಾನ ಮಾಡುತ್ತೆ, ಆ ಮೀಟಿಂಗ್ ಸಾರ್ವಜನಿಕರಿಗೆ ತೆರೆದಿರುತ್ತೆ. ರಿಪೋರ್ಟೂ ಎನ್‌ಆರ್‌ಸಿ ವೆಬ್‌ಸೈಟಲ್ಲಿ ಸಿಗುತ್ತೆ. ಓದೋರು ಮಾತ್ರ ಕಮ್ಮಿ, ಎಲ್ಲರೂ ನಿಮ್ಮ ಹಾಗೆ ಕೊನೇ ಸಾಲಿನ ಗ್ರೇಡ್ ನೋಡಿ ಹೆದರ್ಕೋತಾರೆ.

ಗ್ರೇಡ್ ಬಿಡಿ, ಒಳಗಿನ ಎರಡು ಅಧ್ಯಾಯ ಓದಿ: ಸಿಬ್ಬಂದಿ, ಮತ್ತು ಬಾಕಿ ಬಿದ್ದಿರೋ ಇನ್‌ಸ್ಪೆಕ್ಷನ್. ಇರಿಡಿಯಂ ಕ್ಯಾಮೆರಾದ ಕೈಗಾರಿಕಾ ರೇಡಿಯೋಗ್ರಫಿಯಂಥ ಅಪಾಯದ ಕೆಲಸಕ್ಕೆ ವರ್ಷಕ್ಕೊಮ್ಮೆ, ಎಚ್‌ಡಿಆರ್‌ಗೆ ಎರಡು ವರ್ಷಕ್ಕೊಮ್ಮೆ, ಗೇಜ್‌ಗೆ ಐದು ವರ್ಷಕ್ಕೊಮ್ಮೆ ಇನ್‌ಸ್ಪೆಕ್ಷನ್ ಅನ್ನೋದು ಎನ್‌ಆರ್‌ಸಿ ಲೆಕ್ಕ. ಮುಖ್ಯವಾದ ಇನ್‌ಸ್ಪೆಕ್ಷನ್‌ಗಳಲ್ಲಿ ತಡವಾದವು ನೂರಕ್ಕೆ ಹತ್ತರೊಳಗೆ ಇದ್ರೆ ತೃಪ್ತಿಕರ, ಇಪ್ಪತ್ತೈದು ದಾಟಿದ್ರೆ ಅತೃಪ್ತಿಕರ. ಈ ಸಂಖ್ಯೆ ಯಾಕೆ ಏರುತ್ತೆ ಅಂದ್ರೆ ಜನ ಇಲ್ಲ. ಆಸ್ಪತ್ರೆಗೆ ಬರೋ ಮುಂಚೆ ನಾನೂ ಒಂದು ರಾಜ್ಯದಲ್ಲಿ ಇನ್‌ಸ್ಪೆಕ್ಟರ್ ಆಗಿದ್ದೆ. ಹೊಸ ಹುಡುಗ ಬರ್ತಾನೆ, ತರಬೇತಿ ಮುಗಿಸಿ ಒಬ್ಬನೇ ಇನ್‌ಸ್ಪೆಕ್ಷನ್‌ಗೆ ಹೋಗೋ ಹಾಗೆ ಆಗೋಕೆ ಒಂದೆರಡು ವರ್ಷ ಹಿಡಿಯುತ್ತೆ, ಅಷ್ಟೊತ್ತಿಗೆ ಯಾವುದೋ ಆಸ್ಪತ್ರೆಯವರು ಜಾಸ್ತಿ ಸಂಬಳ ಕೊಟ್ಟು ಕರ್ಕೊಂಡು ಹೋಗ್ತಾರೆ, ಮತ್ತೆ ಮೊದಲಿಂದ ಶುರು. ಐದು ಜನ ಮಾಡ್ಬೇಕಾದ ಕೆಲಸ ಮೂರು ಜನ ಮಾಡಿದ ವರ್ಷ ನನಗೆ ಇನ್ನೂ ನೆನಪಿದೆ. ನಾನೂ ಹಾಗೇ ಬಿಟ್ಟು ಬಂದೋಳು, ಆ ಬೇಜಾರು ಈಗಲೂ ಇದೆ.

ಇಂಪೆಪ್‌ನಲ್ಲಿ ನನಗೆ ನಿಜಕ್ಕೂ ನಂಬಿಕೆ ಇರೋದು ಫೈಲ್ ಎಣಿಸೋದರ ಮೇಲಲ್ಲ. ರಿವ್ಯೂ ಮಾಡೋರು ರಾಜ್ಯದ ಇನ್‌ಸ್ಪೆಕ್ಟರ್ ಜೊತೆ ಆಸ್ಪತ್ರೆಗೆ, ಸೈಟಿಗೆ ತಾವೂ ಹೋಗ್ತಾರೆ, ಹಿಂದೆ ನಿಂತು ನೋಡ್ತಾರೆ. ಏನು ಕೇಳಿದ್ಲು, ಏನು ಕೇಳಲಿಲ್ಲ, ಸೋರ್ಸ್ ಇಟ್ಟಿರೋ ರೂಮಿನ ಬೀಗ ಎಳೆದು ನೋಡಿದ್ಲಾ ಅಥವಾ ರಿಜಿಸ್ಟರ್ ನೋಡಿ ಸಹಿ ಹಾಕಿದ್ಲಾ. ನನ್ನ ಹಿಂದೆ ಹಾಗೆ ನಿಂತಿದ್ದವರು ವಾಪಸ್ ಬರೋವಾಗ ಕಾರಲ್ಲಿ ಕೇಳಿದ್ದು ಒಂದೇ ಪ್ರಶ್ನೆ, "ಪಿಕಪ್ ಹಿಂದೆ ಗೇಜ್ ಇತ್ತಲ್ಲ, ಎರಡು ಬೀಗ ಇತ್ತಾ?" ನಾನು ಒಂದೇ ನೋಡಿದ್ದೆ. ಯಾರೂ ಜೊತೆಗಿಲ್ಲದಾಗ ಎರಡು ಬೇರೆ ಬೇರೆ ತಡೆ ಇರಲೇಬೇಕು ಅನ್ನೋದು ರೂಲು, ಯಾಕಂದ್ರೆ ಕಳುವಾಗೋದು ಹೆಚ್ಚು ಅವೇ. ಆವತ್ತಿಂದ ಯಾವ ಬೀಗಾನೂ ನಾನು ಮುಟ್ಟದೆ ಬಂದಿಲ್ಲ.

ಹೋಗಿ ನೋಡೋದಕ್ಕೆ ಎಷ್ಟು ಬೆಲೆ ಅನ್ನೋದು 2007ರಲ್ಲಿ ಎಲ್ಲರಿಗೂ ಗೊತ್ತಾಯ್ತು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ ಕಾಗದದ ಮೇಲೆ ಮಾತ್ರ ಇರೋ ಕಂಪನಿ ಹುಟ್ಟುಹಾಕಿ ಲೈಸೆನ್ಸ್‌ಗೆ ಅರ್ಜಿ ಹಾಕ್ತು. ಎನ್‌ಆರ್‌ಸಿ 28 ದಿನದಲ್ಲಿ ಲೈಸೆನ್ಸ್ ಕೊಟ್ಬಿಡ್ತು, ಜಾಗಕ್ಕೆ ಹೋಗಿ ನೋಡ್ಲಿಲ್ಲ. ಜಿಎಒದವರು ಆ ಕಾಗದ ತಿದ್ದಿ ಎಷ್ಟು ಬೇಕಾದ್ರೂ ಗೇಜ್ ಕೊಳ್ಳೋ ಹಾಗೆ ಮಾಡ್ಕೊಂಡ್ರು. ಅದೇ ಹೊತ್ತಲ್ಲಿ ಒಂದು ಅಗ್ರಿಮೆಂಟ್ ಸ್ಟೇಟಿಗೂ ಅರ್ಜಿ ಹಾಕಿದ್ರು, ಅಲ್ಲಿನವರು "ನಿಮ್ಮ ಜಾಗ ನೋಡೋಕೆ ಬರ್ತೀವಿ" ಅಂದ್ರು, ಅಷ್ಟಕ್ಕೇ ಜಿಎಒ ಅರ್ಜಿ ವಾಪಸ್ ತಗೊಳ್ತು. 2016ರಲ್ಲಿ ಮತ್ತೆ ಪರೀಕ್ಷೆ ಮಾಡಿದ್ರು, ಮೂರು ನಕಲಿ ಕಂಪನೀಲಿ ಒಂದಕ್ಕೆ ಲೈಸೆನ್ಸ್ ಸಿಕ್ತು, ಈ ಸಲ ಕೊಟ್ಟಿದ್ದು ಒಂದು ಅಗ್ರಿಮೆಂಟ್ ಸ್ಟೇಟು. ಅದಕ್ಕೇ ಫೆಡರಲ್ ಒಳ್ಳೇದು, ಸ್ಟೇಟ್ ಕೆಟ್ಟದ್ದು ಅನ್ನೋ ಜಗಳ ನನಗೆ ಆಗಲ್ಲ, ಅದರ ಉಲ್ಟಾ ಜಗಳಾನೂ ಆಗಲ್ಲ.

"ಸುಧಾರಣೆ ಬೇಕು" ಅಂದ್ಮೇಲೆ ಏನಾಗುತ್ತೆ ಅಂತ ಇನ್ನೂ ಮೂರು ಜನ ಕೇಳಿದೀರಿ. ಮೊದಲು ನಿಗಾ, ಆಮೇಲೆ ಬಿಗಿ ನಿಗಾ, ಅಂದ್ರೆ ರಾಜ್ಯ ಸುಧಾರಣೆಯ ಪ್ಲಾನ್ ಬರೆದುಕೊಟ್ಟು ಎನ್‌ಆರ್‌ಸಿಗೆ ಆಗಾಗ ಫೋನಲ್ಲಿ ಲೆಕ್ಕ ಒಪ್ಪಿಸ್ಬೇಕು. ಅದಾದ್ಮೇಲೆ ಪ್ರೊಬೇಷನ್, 2013ರಲ್ಲಿ ಜಾರ್ಜಿಯಾವನ್ನ ಅಲ್ಲಿಗೆ ತಂದು ನಿಲ್ಲಿಸಿದ್ರು. ಕೊನೆಗೆ ಒಪ್ಪಂದ ಅಮಾನತು, ರದ್ದು. ದುಡ್ಡಿಲ್ಲ ಅಂತ ರಾಜ್ಯವೇ ಕೈಬಿಟ್ಟಿದ್ದೂ ಇದೆ, 1991ರಲ್ಲಿ ಐಡಹೋ ಪ್ರೋಗ್ರಾಮನ್ನ ವಾಪಸ್ ಕೊಟ್ಟಿತು. ನಿಮ್ಮ ಸ್ಟೇಟಿನ ಗ್ರೇಡ್ ಅಂದ್ರೆ ಯಾರೋ ಕಣ್ಣಿಟ್ಟಿದಾರೆ ಅಂತ ಅರ್ಥ. ನನಗೆ ಭಯ ಆಗೋದು ವರ್ಷಗಟ್ಟಲೆ ಯಾರೂ ಹೋಗಿ ನೋಡದೆ ಇರೋ ಕಡೆ.

ಇನ್ನು ನಿಮ್ಮಪ್ಪನ ವಿಷಯ. ಆಸ್ಪತ್ರೇಲಿ ಸಂಕೋಚ ಬಿಟ್ಟು ಮೂರು ಪ್ರಶ್ನೆ ಕೇಳಿ. ಟ್ರೀಟ್‌ಮೆಂಟ್ ಶುರು ಮಾಡುವಾಗ ಡಾಕ್ಟ್ರು, ಫಿಸಿಸಿಸ್ಟ್ ಇಬ್ಬರೂ ಅಲ್ಲೇ ಇರ್ತೀರಾ? ಮುಗಿದ ಮೇಲೆ ಮೀಟರ್ ಹಿಡಿದು ಪೇಷಂಟ್‌ನ ಅಳೆದೇ ಹೊರಗೆ ಕಳಿಸ್ತೀರಾ? ಸ್ಟೇಟ್ ಇನ್‌ಸ್ಪೆಕ್ಷನ್ ಕೊನೇ ಸಲ ಯಾವಾಗ ಆಯ್ತು? ಮೊದಲೆರಡಕ್ಕೆ ತಡವರಿಸದೆ ಹೌದು ಅನ್ನಬೇಕು. ಎರಡನೇದಕ್ಕೆ "ಮೆಷಿನ್ನೇ ತೋರಿಸುತ್ತೆ" ಅಂತ ಉತ್ತರ ಬಂದ್ರೆ, ನಾನಾಗಿದ್ರೆ ರೇಡಿಯೇಷನ್ ಸೇಫ್ಟಿ ಆಫೀಸರ್‌ನ ಕರೆಸಿ ಅಂತ ಅಲ್ಲೇ ಕೂತ್ಕೋತೀನಿ. ನಾನು ಸ್ವಲ್ಪ ಜಾಸ್ತಿನೇ ಹೆದರೋಳು, ಆದ್ರೂ ಇದನ್ನ ಬಿಡಬೇಡಿ.

ಪ್ರಶ್ನೆ: ಎಕ್ಸ್‌ರೇ ಆಫ್ ಮಾಡಿದ ಮೇಲೂ ರೂಮಲ್ಲಿ ರೇಡಿಯೇಷನ್ ಉಳಿಯುತ್ತಾ?

ಇಲ್ಲ. ಲೈಟ್ ಆಫ್ ಮಾಡಿದ್ರೆ ರೂಮಲ್ಲಿ ಬೆಳಕು ಉಳಿಯುತ್ತಾ?

ಪ್ರಶ್ನೆ: ಅಮ್ಮನಿಗೆ ಲೀನಿಯರ್ ಆಕ್ಸಲರೇಟರ್‌ನಲ್ಲಿ ರೇಡಿಯೇಷನ್ ಕೊಡ್ತಿದಾರೆ, ಅದರ ಬಗ್ಗೆ ಎನ್‌ಆರ್‌ಸಿಗೆ ದೂರು ಕೊಡಬಹುದಾ?

ಅದು ಕರೆಂಟಲ್ಲಿ ನಡೆಯೋ ಮೆಷಿನ್ನು, ಒಳಗೆ ಸೋರ್ಸ್ ಇಲ್ಲ, ಎನ್‌ಆರ್‌ಸಿ ವ್ಯಾಪ್ತಿಗೆ ಬರಲ್ಲ. ನಿಮ್ಮ ರಾಜ್ಯದ ರೇಡಿಯೇಷನ್ ಕಂಟ್ರೋಲ್ ಆಫೀಸಿಗೆ ಫೋನ್ ಮಾಡಿ.

ಪ್ರಶ್ನೆ: 5ಜಿ ತಡೆಯೋ ಪೆಂಡೆಂಟ್ ಮಗನಿಗೆ ಹಾಕಿದೀವಿ, ಒಳ್ಳೇದಾ?

ಈಗಲೇ ಬಿಚ್ಚಿ. ಈ ಪ್ರಶ್ನೆಗೆ ನನಗೆ ತಾಳ್ಮೆ ಉಳಿದಿಲ್ಲ, ಯಾಕಂದ್ರೆ ಮಾರೋರು ಮಕ್ಕಳ ಮೈಮೇಲೆ ಆಟ ಆಡ್ತಿದಾರೆ. 2021ರ ಡಿಸೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್ ವಿಕಿರಣ ಸುರಕ್ಷತಾ ಪ್ರಾಧಿಕಾರ ಇಂಥ ಹತ್ತು ಪದಾರ್ಥ ಅಳೆದು ನೋಡ್ತು, ಎಲ್ಲವೂ ವಿಕಿರಣ ಸೂಸ್ತಾ ಇದ್ವು, ಅದರಲ್ಲಿ ಮಕ್ಕಳ ಬ್ರೇಸ್‌ಲೆಟ್ ಕೂಡ ಇತ್ತು. "ನೆಗೆಟಿವ್ ಅಯಾನ್" ಅಂತ ಮಾರೋ ಎಷ್ಟೋ ಪುಡಿಗಳಲ್ಲಿ ಥೋರಿಯಂ ಅನ್ನೋ ವಿಕಿರಣ ವಸ್ತು ಇರುತ್ತೆ. ಹಗಲೂ ರಾತ್ರಿ ಚರ್ಮಕ್ಕೆ ತಾಗ್ಕೊಂಡಿದ್ರೆ ಅದು ಸಣ್ಣ ವಿಷಯ ಅಲ್ಲ. ಕಸಕ್ಕೆ ಎಸೀಬೇಡಿ, ಕವರಲ್ಲಿ ಹಾಕಿ ಮಕ್ಕಳ ಕೈಗೆ ಸಿಗದ ಕಡೆ ಇಟ್ಟು, ಏನು ಮಾಡ್ಬೇಕು ಅಂತ ಅದೇ ರಾಜ್ಯದ ಆಫೀಸಿಗೆ ಕೇಳಿ.

ಪ್ರಶ್ನೆ: ಹುಬ್ಬಳ್ಳಿಯಿಂದ. ನಮ್ಮಲ್ಲೂ ಇದನ್ನ ರಾಜ್ಯವೇ ನೋಡ್ಕೊಳುತ್ತಾ?

ನಮ್ಮಲ್ಲಿ ಲೈಸೆನ್ಸ್ ಕೊಡೋದು ಕೇಂದ್ರದ ಎಇಆರ್‌ಬಿ, ಅಂದ್ರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, 1983ರಲ್ಲಿ ಆಗಿದ್ದು. ಎಕ್ಸ್‌ರೇ ಸೆಂಟರ್‌ಗಳನ್ನ ನೋಡ್ಕೊಳ್ಳೋಕೆ ಪ್ರತಿ ರಾಜ್ಯದಲ್ಲೂ ರೇಡಿಯೇಷನ್ ಸುರಕ್ಷತಾ ನಿರ್ದೇಶನಾಲಯ ಇರಬೇಕು ಅನ್ನೋ ಯೋಚನೆ ಹಳೇದು, ಆದ್ರೆ 2012ರಲ್ಲಿ ಸಿಎಜಿ ನೋಡಿದಾಗ ಅದು ಕೆಲಸ ಮಾಡ್ತಿದ್ದಿದ್ದು ಕೇರಳ, ಮಿಜೋರಾಂನಲ್ಲಿ. ದೇಶದ 57,443 ಎಕ್ಸ್‌ರೇ ಘಟಕಗಳಲ್ಲಿ ನೋಂದಣಿ ಆಗಿದ್ದಿದ್ದು 5,270 ಅಂತಾನೂ ಅದೇ ರಿಪೋರ್ಟಲ್ಲಿದೆ. ಅದಕ್ಕೆ ಎರಡು ವರ್ಷ ಮುಂಚೆಯಷ್ಟೇ ದೆಹಲಿ ಮಾಯಾಪುರಿಯ ಗುಜರಿಯಲ್ಲಿ ಕೋಬಾಲ್ಟ್-60 ಸಿಕ್ಕಿ ಒಬ್ಬರು ಸತ್ತಿದ್ರು, ಅದು ಯೂನಿವರ್ಸಿಟಿಯೊಂದು ಹರಾಜು ಹಾಕಿದ ಹಳೇ ಮೆಷಿನ್ನಿಂದ ಬಂದಿದ್ದು. ಆಮೇಲೆ ಎಇಆರ್‌ಬಿ ಲೈಸೆನ್ಸ್ ಕೆಲಸ ಆನ್‌ಲೈನ್ ಆಗಿದೆ, ಅದು ಒಳ್ಳೇದಾಯ್ತು. ನಿಮ್ಮೂರಲ್ಲಿ ಸ್ಕ್ಯಾನಿಂಗ್ ಸೆಂಟರಿಗೆ ಹೋದಾಗ ಎಇಆರ್‌ಬಿ ಲೈಸೆನ್ಸ್ ತೋರಿಸಿ ಅಂತ ಕೇಳಿ, ಅದರ ಕೊನೇ ದಿನಾಂಕ ಓದಿ, ಬಾಗಿಲು ಹಾಕದೆ ಎಕ್ಸ್‌ರೇ ತೆಗೀತಿದ್ರೆ ಎದ್ದು ಬನ್ನಿ.