ಓದುಗರು ಕೇಳಿದ್ದು: ವೇಲ್ಸ್‌ನ ಕೋಟೆಗಳು, ಹಳೇ ಪಬ್‌ಗಳು

ಪ್ರಶ್ನೆ: ಮೇ ತಿಂಗಳಲ್ಲಿ ಆರು ಜನ ಗೆಳೆಯರು ಬ್ರಿಟನ್‌ಗೆ ಹೊರಟಿದ್ದೇವೆ. ಮಧುಗಿರಿ ಬೆಟ್ಟ ಹತ್ತಿ ರೂಢಿಯಿದೆ. ಉತ್ತರ ವೇಲ್ಸ್‌ನ ನಾಲ್ಕು ಪ್ರಸಿದ್ಧ ಕೋಟೆಗಳನ್ನು ಎರಡು ದಿನದಲ್ಲಿ ಮುಗಿಸಬಹುದೇ?
– ಓದುಗರೊಬ್ಬರು, ಶಿರಾ ಗೇಟ್, ತುಮಕೂರು

ಉತ್ತರ: ಸುತ್ತಿ ಬರಬಹುದು, ನೋಡಿದಂತಾಗುವುದಿಲ್ಲ. ಎರಡೇ ದಿನವಿದ್ದರೆ ಕಾನ್ವಿಗೆ ಒಂದು, ಕಾರ್ನಾರ್ವನ್‌ಗೆ ಒಂದು ಇಟ್ಟುಕೊಳ್ಳಿ. ಮೂರನೇ ದಿನ ಸಿಕ್ಕರೆ ಹಾರ್ಲೆಕ್‌ಗೆ ಹೋಗಿ. ಅದು ಬಂಡೆಯ ಮೇಲೆ ಕೂತ ಕೋಟೆ, ಮಧುಗಿರಿಯವರಿಗೆ ಒಗ್ಗುತ್ತದೆ. ಬೋಮ್ಯಾರಿಸ್ 1295ರಲ್ಲಿ ಶುರುವಾಗಿ ಕೊನೆಗೂ ಪೂರ್ತಿಯಾಗದ ಕೋಟೆ; ನಕ್ಷೆ ಚೆಂದ, ಆದರೆ ಸಮಯವಿಲ್ಲದಿದ್ದರೆ ಬಿಡಬೇಕಾದದ್ದು ಅದನ್ನೇ.

ಮಧುಗಿರಿಯಲ್ಲಿ ಬಂಡೆಯೇ ಕೋಟೆ. ದಾರಿ ಇರುವ ಕಡೆ ಗೋಡೆ ಕಟ್ಟಿ ಬಾಗಿಲು ಇಟ್ಟರೆ ಅರ್ಧ ಕೆಲಸ ಮುಗಿಯಿತು. ಕಾನ್ವಿಯಲ್ಲಿ ಆ ಕೆಲಸವನ್ನೆಲ್ಲ ಗೋಡೆಯೇ ಮಾಡಬೇಕು. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ 1283ರಿಂದ 1287ರೊಳಗೆ ಎಂಟು ಬುರುಜುಗಳ ಈ ಕೋಟೆಯನ್ನೂ, ಅದಕ್ಕೆ ಅಂಟಿದಂತೆ ಸುಮಾರು 1.3 ಕಿಲೋಮೀಟರ್ ಉದ್ದದ ಊರಗೋಡೆಯನ್ನೂ ಕಟ್ಟಿಸಿದ. ನಮ್ಮ ದುರ್ಗಗಳು ಮುತ್ತಿಗೆಯ ದಿನಗಳಲ್ಲಿ ಬಂಡೆಯ ಮೇಲೆ ನಿಂತ ಮಳೆನೀರನ್ನೂ ಕಣಜವನ್ನೂ ನಂಬಿದವು. ಎಡ್ವರ್ಡ್ ಹಡಗನ್ನು ನಂಬಿದ. ನಾಲ್ಕೂ ಕೋಟೆಗಳನ್ನು ನೀರಿನಂಚಿಗೆ ಏಕೆ ಕಟ್ಟಿಸಿದ ಎಂಬುದಕ್ಕೆ ಅದೇ ಉತ್ತರ. ಹಾಗಾಗಿ ಕೋಟೆಯೊಳಗೆ ಎರಡು ಗಂಟೆ, ಊರಗೋಡೆಯ ಮೇಲೆ ಒಂದು ಗಂಟೆ ಇಡಿ. ಗೋಡೆ ಹತ್ತಲು ಟಿಕೆಟ್ ಇಲ್ಲ. ಕೋಟೆಯ ಪೂರ್ತಿ ನೋಟ ಅಲ್ಲಿಂದಲೇ ಸಿಗುವುದು.

ಮಧುಗಿರಿಯಲ್ಲಿ ಸೋಲುವುದು ಉಸಿರು, ಇಲ್ಲಿ ಸೋಲುವುದು ಪಾದ. ಬುರುಜಿನ ಸುರುಳಿ ಮೆಟ್ಟಿಲುಗಳು ಒಳಗಡೆ ಬೆರಳಗಲ, ಹೊರಗಡೆ ಮಾತ್ರ ಪಾದ ಊರುವಷ್ಟು. ಇಳಿಯುವಾಗ ಹೊರಗೋಡೆಯ ಪಕ್ಕಕ್ಕೇ ಕಾಲಿಡಿ, ಹಗ್ಗವೋ ಕಂಬಿಯೋ ಇದ್ದರೆ ಬಿಡಬೇಡಿ, ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ. ಮಳೆ ಬಿದ್ದ ಮೇಲೆ ಸವೆದ ಕಲ್ಲು ಜಾರುತ್ತದೆ, ಸವೆದ ಅಟ್ಟೆಯ ಶೂ ಬೇಡ. ಹತ್ತಿ ಬರುವ ಶತ್ರು ಬಲಗೈಯಿಂದ ಕತ್ತಿ ಬೀಸಲಾಗದಂತೆ ಮೆಟ್ಟಿಲನ್ನು ಬಲಕ್ಕೆ ತಿರುಗಿಸಿದ್ದಾರೆ ಎಂಬ ಕತೆಯನ್ನು ಗೈಡುಗಳು ಹೇಳುತ್ತಾರೆ. ಕೇಳಲು ಸೊಗಸು, ಆದರೆ ಪುರಾವೆ ತೆಳು. ಎಡಕ್ಕೆ ತಿರುಗುವ ಮೆಟ್ಟಿಲುಗಳೂ ಬೇಕಾದಷ್ಟಿವೆ.

ಕೋಟೆ ಮುಚ್ಚುವ ಅರ್ಧ ಗಂಟೆ ಮೊದಲೇ ಒಳಗೆ ಬಿಡುವುದು ನಿಲ್ಲುತ್ತದೆ. ಮೇ ತಿಂಗಳಲ್ಲಿ ಸಾಮಾನ್ಯವಾಗಿ ಸಂಜೆ 5ಕ್ಕೆ, ಚಳಿಗಾಲದಲ್ಲಿ 4ಕ್ಕೇ ಬಾಗಿಲು. ನಾಲ್ಕನ್ನೂ ನೋಡಿಕೊಳ್ಳುವುದು ವೇಲ್ಸ್ ಸರ್ಕಾರದ ಕ್ಯಾಡು ಸಂಸ್ಥೆ. ಹೊರಡುವ ಹಿಂದಿನ ದಿನ ಅವರ ವೆಬ್‌ಸೈಟಿನಲ್ಲಿ ವೇಳೆ ನೋಡಿಕೊಳ್ಳಿ.

ಪ್ರಶ್ನೆ: ಪಬ್‌ನಲ್ಲಿ ಅರ್ಧ ಗಂಟೆ ಕೂತರೂ ಯಾರೂ ಆರ್ಡರ್ ಕೇಳಲಿಲ್ಲ ಎಂದು ಹೋಗಿ ಬಂದವರು ದೂರಿದರು. ನಮ್ಮ ಗುಂಪಿನಲ್ಲಿ ಇಬ್ಬರು ಕುಡಿಯುವುದಿಲ್ಲ, ಅವರಿಗೆ ಮುಜುಗರವಾಗುತ್ತದೆಯೇ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಹಳೇ ಪಬ್‌ಗಳಲ್ಲಿ ಟೇಬಲ್ ಹತ್ತಿರ ಬಂದು ಕೇಳುವ ರೂಢಿ ಕಡಿಮೆ. ಟೇಬಲ್ ಹಿಡಿದು ಅದರ ನಂಬರ್ ನೋಡಿಕೊಂಡು, ಒಬ್ಬರು ಕೌಂಟರ್‌ಗೆ ಹೋಗಿ ಎಲ್ಲರದ್ದನ್ನೂ ಒಟ್ಟಿಗೆ ಹೇಳಿ, ಅಲ್ಲೇ ಹಣ ಕೊಡಬೇಕು. ಕೈ ಬೀಸುವುದು, ಕೂಗುವುದು ಬೇಡ. ಯಾರು ಮೊದಲು ಬಂದರೆಂದು ಕೌಂಟರಿನವರಿಗೆ ಗೊತ್ತಿರುತ್ತದೆ. ಕುಡಿಯದವರು ಲೆಮನೇಡ್ ಹಿಡಿದು ಕೂತರೆ ಯಾರೂ ತಿರುಗಿ ನೋಡುವುದಿಲ್ಲ.

ಸರದಿಯಂತೆ ಒಬ್ಬೊಬ್ಬರು ಎಲ್ಲರಿಗೂ ಕೊಡಿಸುವುದು ಅಲ್ಲಿನ ಪದ್ಧತಿ. ಒಂದು ಪಿಂಟ್ ಎಂದರೆ 568 ಮಿಲಿಲೀಟರ್. ಕುಡಿಯುವ ನಾಲ್ವರೂ ಸರದಿ ತೀರಿಸಿದರೆ ತಲೆಗೆ ಎರಡೂಕಾಲು ಲೀಟರ್ ದಾಟುತ್ತದೆ! ಎಲ್ಲರೂ ಸಮನಾಗಿ ಒಂದು ಕಡೆ ದುಡ್ಡು ಹಾಕಿ, ಅರ್ಧ ಪಿಂಟ್ ಕೇಳುವುದು ಜಾಣತನ. ಕೈಪಂಪಿನಿಂದ ಎಳೆದು ಕೊಡುವ ಏಲ್ ಎಂಬ ಬಿಯರ್ 11ರಿಂದ 13 ಡಿಗ್ರಿಯಲ್ಲಿರುತ್ತದೆ. ತಣ್ಣಗಿಲ್ಲವೆಂದು ವಾಪಸ್ ಮಾಡಬೇಡಿ, ಅದರ ರುಚಿ ಇರುವುದೇ ಹಾಗೆ. ಎಳೆಯ ಮುಖದವರು ಪಾಸ್‌ಪೋರ್ಟ್ ಇಟ್ಟುಕೊಳ್ಳಿ, 25ಕ್ಕಿಂತ ಚಿಕ್ಕವರಂತೆ ಕಂಡರೆ ವಯಸ್ಸಿನ ದಾಖಲೆ ಕೇಳುತ್ತಾರೆ.

ಕಾರು ಓಡಿಸುವವರು ಕುಡಿಯಲೇಬಾರದು. ವೇಲ್ಸ್‌ನಲ್ಲಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಆಲ್ಕೋಹಾಲ್ ಮಿತಿ, ನಮ್ಮಲ್ಲಿ 30. ಅಲ್ಲಿ ಸಡಿಲವೆಂದು ಲೆಕ್ಕ ಹಾಕಿ ಕುಡಿಯುವವರೇ ಸಿಕ್ಕಿಬೀಳುವುದು.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳಿಗೆ ಪಬ್‌ನಲ್ಲಿ ಏನು ಸಿಗುತ್ತದೆ?
– ಓದುಗರೊಬ್ಬರು, ಮಾಲೂರು

ಉತ್ತರ: ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ ಮೇಲೆ ಬೀನ್ಸ್, ತರಕಾರಿ ಸೂಪು, ಬ್ರೆಡ್ಡು. ಮೋಸ ಮಾಡುವುದು ಚಿಪ್ಸ್, ಅಂದರೆ ನಮ್ಮ ಫ್ರೆಂಚ್ ಫ್ರೈಸ್‌ನಂಥದ್ದು: ಕೆಲವೆಡೆ ದನದ ಕೊಬ್ಬಿನಲ್ಲಿ, ಹಲವೆಡೆ ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತಾರೆ. ಗ್ರೇವಿಯಲ್ಲಿ ಮಾಂಸದ ಸಾರು, ವೂಸ್ಟರ್ ಸಾಸ್‌ನಲ್ಲಿ ಮೀನು ಇರುವುದು ಸಾಮಾನ್ಯ. ಕೈಪಂಪಿನ ಏಲ್ ತಿಳಿಯಾಗಲು ಮೀನಿನ ಗಾಳಿಚೀಲದ ಅಂಟು ಬಳಸುವುದುಂಟು. ಆರ್ಡರ್ ಮಾಡುವ ಮುಂಚೆಯೇ ಕೇಳಿ.

ಅಡುಗೆಮನೆಯ ವೇಳೆಯೂ ಗಮನದಲ್ಲಿರಲಿ. ಹಳ್ಳಿ ಪಬ್‌ಗಳಲ್ಲಿ ಮಧ್ಯಾಹ್ನದ ಊಟ ಎರಡೂವರೆ ಸುಮಾರಿಗೆ ನಿಂತು, ಮತ್ತೆ ಒಲೆ ಹಚ್ಚುವುದು ಸಂಜೆ ಆರರ ಹೊತ್ತಿಗೆ. ಕೋಟೆ ನೋಡಿ ಮೂರೂವರೆಗೆ ಹಸಿದು ಬಂದರೆ ಸಿಗುವುದು ನಮ್ಮಲ್ಲಿನಂಥ ಒಣ ಚಿಪ್ಸ್ ಪೊಟ್ಟಣ. ಬೆಳಿಗ್ಗೆ ಕೋಟೆ, ಹನ್ನೆರಡೂವರೆಗೆ ಊಟ, ಆಮೇಲೆ ಊರಗೋಡೆ: ಈ ಕ್ರಮ ಕೈ ಕೊಡುವುದಿಲ್ಲ.

ಪ್ರಶ್ನೆ: ಅತ್ಯಂತ ಹಳೆಯ ಪಬ್ ಯಾವುದು?
– ಓದುಗರೊಬ್ಬರು, ಗೌರಿಬಿದನೂರು

ಉತ್ತರ: ಆ ಪಟ್ಟ ತಮ್ಮದೆನ್ನುವವರು ಹಲವರು. ನಾಟಿಂಗ್‌ಹ್ಯಾಮ್‌ನ 'ಯೆ ಓಲ್ಡ್ ಟ್ರಿಪ್ ಟು ಜೆರುಸಲೇಂ' ಗೋಡೆಯ ಮೇಲೆ 1189 ಎಂದು ಬರೆದುಕೊಂಡಿದೆ. ಈಗಿನ ಕಟ್ಟಡ ಬಹುಮಟ್ಟಿಗೆ 17ನೇ ಶತಮಾನದ್ದು. ಆದರೂ ಹೋಗಿ, ಕೋಟೆ ಬಂಡೆಯನ್ನೇ ಕೊರೆದ ಗುಹೆಗಳು ಅದರ ಕೋಣೆಗಳು. ಆ ಬಂಡೆಯ ಮೇಲಿರುವ ನಾಟಿಂಗ್‌ಹ್ಯಾಮ್ ಕೋಟೆಯಿಂದ ಮಾತ್ರ ಹೆಚ್ಚು ನಿರೀಕ್ಷಿಸಬೇಡಿ: ಹಳೆಯದನ್ನು 1651ರಲ್ಲಿ ಕೆಡವಿದರು, ಈಗಿರುವುದು ಆಮೇಲೆ ಕಟ್ಟಿದ ಬಂಗಲೆ. ದಿನಾಂಕದ ತಕರಾರಿಲ್ಲದ ಹಳೇ ಪಬ್ ಬೇಕಾದರೆ ಲಂಡನ್ನಿನ ಸದರ್ಕ್‌ನಲ್ಲಿರುವ ಜಾರ್ಜ್ ಇನ್ ಇದೆ. ಬೆಂಕಿಗೆ ಸುಟ್ಟು 1677ರಲ್ಲಿ ಮತ್ತೆ ಕಟ್ಟಿದ್ದು. ಅಂಗಳದ ಸುತ್ತ ಮರದ ಮೊಗಸಾಲೆ ಉಳಿಸಿಕೊಂಡ ಛತ್ರ ಲಂಡನ್ನಿನಲ್ಲಿ ಅದೊಂದೇ.