ಹಳೇ ಲೋಡರ್‌ನ ಕಂಟ್ರೋಲ್ ವಾಲ್ವ್: ಸೀಲ್ ಕಿಟ್ ತರುವ ಮೊದಲು ಇದನ್ನು ನೋಡಿ

ಅಣ್ಣಾ, ನಿಮ್ಮ ಹಳೇ ಟ್ರ್ಯಾಕ್ಟರ್ ಲೋಡರ್ ಬಗ್ಗೆ ಮೂರು ತೊಂದರೆ ಬರೆದಿದ್ದೀರಿ. ಲಿವರ್ ಬುಡದಲ್ಲಿ ಆಯಿಲ್ ಜಿನುಗುತ್ತದೆ. ಗೊಬ್ಬರ ತುಂಬಿದ ಬಕೆಟ್ ಎತ್ತಿ ನಿಲ್ಲಿಸಿದರೆ ತಾನಾಗಿ ಇಳಿಯುತ್ತದೆ. ಅರ್ಧಕ್ಕೆ ನಿಲ್ಲಿಸಿ ಮತ್ತೆ ಎತ್ತಲು ಹೋದರೆ ಬೂಮ್ (ಬಕೆಟ್ ಹಿಡಿದಿರುವ ತೋಳು) ಮೊದಲು ಒಂಚೂರು ಕುಸಿದು ಆಮೇಲೆ ಏಳುತ್ತದೆ. ಮೆಕ್ಯಾನಿಕ್ ಸೀಲ್ ಕಿಟ್ ಹಾಕಿದರೆ ಎಲ್ಲಾ ಸರಿಹೋಗುತ್ತೆ ಅಂದಿದ್ದಾರೆ. ಇಲ್ಲಿ ಒಬ್ಬರು ವಾಲ್ವೇ ಹೊಸದು ಹಾಕಿ ಅಂದಿದ್ದಾರೆ. ಎರಡಕ್ಕೂ ದುಡ್ಡು ಹಾಕುವ ಮುಂಚೆ ಒಂದು ಮಾತು: ಈ ಮೂರಕ್ಕೂ ಕಾರಣ ಬೇರೆ ಬೇರೆ.

ಲಿವರ್ ಎಳೆದಾಗ ವಾಲ್ವ್ ಒಳಗೆ ಹಿಂದೆ ಮುಂದೆ ಸರಿದು ಆಯಿಲ್ ದಾರಿ ಬದಲಿಸುವ ಉಕ್ಕಿನ ಸಲಾಕೆಯೇ ಸ್ಪೂಲ್, ಅದು ಓಡಾಡುವ ತೂತೇ ಬೋರ್. ಸೀಲ್ ಕಿಟ್‌ನಲ್ಲಿ ಬರುವ ಓ-ರಿಂಗ್‌ಗಳು (ರಬ್ಬರ್ ಉಂಗುರಗಳು) ಸ್ಪೂಲ್‌ನ ಎರಡು ತುದಿಯಲ್ಲಿ ಕೂತು ಆಯಿಲ್ ಹೊರಗೆ ಬರದಂತೆ ತಡೆಯುತ್ತವೆ, ಅಷ್ಟೇ. ಒಳಗೆ ಲೋಡ್ ಹಿಡಿಯುವುದು ರಬ್ಬರ್ ಅಲ್ಲ. ಸ್ಪೂಲ್ ಮತ್ತು ಬೋರ್ ನಡುವಿನ ಬಿಗಿಯೇ ಅದನ್ನು ಹಿಡಿಯಬೇಕು. ಆ ಸಂದು ಹೊಸ ವಾಲ್ವ್‌ನಲ್ಲಿ ಸಾಮಾನ್ಯವಾಗಿ 5ರಿಂದ 15 ಮೈಕ್ರಾನ್ ಇರುತ್ತದೆ, ತಲೆಕೂದಲಿಗಿಂತ ಎಷ್ಟೋ ಕಮ್ಮಿ. ಹಾಗಾಗಿ ಕಿಟ್ ಹಾಕಿದರೆ ಲಿವರ್ ಬುಡದ ಸೋರಿಕೆ ನಿಲ್ಲುತ್ತದೆ. ಬಕೆಟ್ ಇಳಿಯುವುದು ನಿಲ್ಲುವುದಿಲ್ಲ. ಕಿಟ್ ಹಾಕಿಸಿ, ಇಳಿಯುವುದು ನಿಲ್ಲದೆ, ಮೆಕ್ಯಾನಿಕ್ ಜೊತೆ ಜಗಳ ಆಡುವವರು ಬಹಳ ಜನ.

ಬಕೆಟ್ ಇಳಿಯುತ್ತಿದೆ ಅಂದರೆ ಮೊದಲು ಸಿಲಿಂಡರ್ ಮೇಲಿನ ಅನುಮಾನ ತೀರಿಸಿಕೊಳ್ಳಿ. ಬಕೆಟ್ ಖಾಲಿ ಮಾಡಿ, ಬೂಮ್ ಪೂರ್ತಿ ಎತ್ತಿ, ಗಟ್ಟಿಯಾದ ಕಬ್ಬಿಣದ ಸಪೋರ್ಟ್ ಕೊಡಿ. ಜಾಕ್ ಅಥವಾ ಮರದ ತುಂಡು ಇಲ್ಲಿ ಬೇಡವೇ ಬೇಡ. ಬೂಮ್ ಸಪೋರ್ಟ್ ಮೇಲೆ ಕೂತ ಮೇಲೆ ಎಂಜಿನ್ ಆಫ್ ಮಾಡಿ, ಲಿವರ್ ಹಿಂದೆ ಮುಂದೆ ಆಡಿಸಿ ಪ್ರೆಶರ್ ಬಿಡಿ. ಎರಡೂ ಲಿಫ್ಟ್ ಸಿಲಿಂಡರ್‌ನ ರಾಡ್ ಕಡೆಯ ಹೋಸ್ ಬಿಚ್ಚಿ, ಹೋಸ್ ಬಾಯಿಗೆ ಪ್ಲಗ್ ಹಾಕಿ. ಸಿಲಿಂಡರ್‌ನ ಬಾಯಿ ತೆರೆದೇ ಇರಲಿ, ಕೆಳಗೊಂದು ಬಕೀಟು ಇಡಿ. ಈಗ ಎಂಜಿನ್ ಸ್ಟಾರ್ಟ್ ಮಾಡಿ ಲಿವರನ್ನು ಎತ್ತುವ ಕಡೆಗೇ ಹಿಡಿಯಿರಿ. ಮೊದಲು ಸ್ವಲ್ಪ ಆಯಿಲ್ ಬರುತ್ತದೆ, ಅದು ಸಹಜ. ಆಮೇಲೂ ಬರುತ್ತಲೇ ಇದ್ದರೆ ಆ ಸಿಲಿಂಡರ್‌ನ ಪಿಸ್ಟನ್ ಸೀಲ್ ಹೋಗಿದೆ. ನಿಂತರೆ ಸಿಲಿಂಡರ್ ಚೆನ್ನಾಗಿದೆ, ತೊಂದರೆ ವಾಲ್ವ್ ಕಡೆ ಇದೆ. ಆಯಿಲ್ ಬಿಸಿ ಇದ್ದಾಗಲೇ ಈ ಟೆಸ್ಟ್ ಮಾಡಿ. ಬೆಳಿಗ್ಗೆ ತಣ್ಣಗಿರುವಾಗ ದಪ್ಪ ಆಯಿಲ್ ಎಷ್ಟೋ ದೋಷ ಮುಚ್ಚಿಬಿಡುತ್ತದೆ. ಬೂಮ್ ಕೆಳಗೆ ಯಾರೂ ನಿಲ್ಲಬಾರದು.

ಎತ್ತುವಾಗ ಮೊದಲು ಕುಸಿಯುವುದು ಲೋಡ್ ಚೆಕ್ ವಾಲ್ವ್‌ನ ಲಕ್ಷಣ. ಸ್ಪೂಲ್ ತೆರೆದ ಕ್ಷಣದಲ್ಲಿ ಪಂಪ್ ಪ್ರೆಶರ್ ಇನ್ನೂ ಏರಿರುವುದಿಲ್ಲ. ಆಗ ಸಿಲಿಂಡರ್ ಆಯಿಲ್ ವಾಪಸ್ ಬರದ ಹಾಗೆ ತಡೆಯುವುದು ಈ ಚೆಕ್ ವಾಲ್ವ್‌ನ ಪುಟ್ಟ ಪಾಪೆಟ್, ಅಂದರೆ ಸ್ಪ್ರಿಂಗ್ ಒತ್ತಿ ಹಿಡಿದ ಮುಚ್ಚಳ. ಹೆಚ್ಚಿನ ವಾಲ್ವ್‌ಗಳಲ್ಲಿ ಬಾಡಿ ಮೇಲಿನ ಒಂದು ದೊಡ್ಡ ಪ್ಲಗ್ ಬಿಚ್ಚಿದರೆ ಪಾಪೆಟ್ ಮತ್ತು ಸ್ಪ್ರಿಂಗ್ ಕೈಗೆ ಬರುತ್ತವೆ. ಪಾಪೆಟ್‌ನ ಮೂತಿ ನೋಡಿ. ಸುತ್ತಲೂ ಒಂದೇ ಸಮನಾದ ಹೊಳೆಯುವ ಗೆರೆ ಇದ್ದರೆ ಸೀಟು ಕೂರುತ್ತಿದೆ. ಗೆರೆ ಎಲ್ಲಾದರೂ ಕಡಿದಿದ್ದರೆ ಅಥವಾ ಅಲ್ಲಿ ಕಬ್ಬಿಣದ ಚೂರು ಒತ್ತಿದ ಗುರುತು ಇದ್ದರೆ ಕಾರಣ ಅದೇ. ಬರೀ ಕಸ ಸಿಕ್ಕಿಕೊಂಡಿದ್ದರೆ ತೊಳೆದು ಹಾಕಿದರೂ ಸಾಕು.

ಇನ್ನು ವಾಲ್ವ್ ಬಿಚ್ಚುವುದು. ಬಕೆಟ್ ನೆಲಕ್ಕೆ ಇಳಿಸಿ, ಎಂಜಿನ್ ಆಫ್, ಎಲ್ಲಾ ಲಿವರ್ ಆಡಿಸಿ. ಹೋಸ್‌ಗಳ ಫೋಟೋ ತೆಗೆದುಕೊಂಡು ಗುರುತು ಕಟ್ಟಿ. ವಾಲ್ವ್ ಹೊರಗಡೆ ಮೆತ್ತಿರುವ ಗ್ರೀಸು, ಮಣ್ಣು ಎಲ್ಲಾ ಡೀಸೆಲ್ ಹಾಕಿ ಬ್ರಶ್‌ನಿಂದ ತೊಳೆದ ಮೇಲೆಯೇ ಪಾನ ಹಚ್ಚಿ. ಸ್ಪೂಲನ್ನು ಸಾಮಾನ್ಯವಾಗಿ ಸ್ಪ್ರಿಂಗ್ ಕ್ಯಾಪ್ ಇರುವ ಕಡೆಯಿಂದ ತಿರುಗಿಸುತ್ತಾ ನೇರವಾಗಿ ಎಳೆಯಬೇಕು. ಸುತ್ತಿಗೆ ಬೇಡ. ಯಾವ ಸ್ಪೂಲ್ ಯಾವ ಬೋರ್‌ನದು, ಯಾವ ತುದಿ ಎತ್ತ ಕಡೆ ಅಂತ ಆಗಲೇ ಗುರುತು ಮಾಡಿ. ಪ್ರತಿ ಸ್ಪೂಲ್ ತನ್ನ ಬೋರ್‌ಗೆ ಅಂತಲೇ ಉಜ್ಜಿ ಕೂರಿಸಿದ್ದು. ಅದಲು ಬದಲಾದರೆ ಒಂದು ಜಾಮ್ ಆಗುತ್ತದೆ, ಇನ್ನೊಂದು ಸೋರುತ್ತದೆ.

ಸ್ಪೂಲನ್ನು ವೈಸ್‌ಗೆ ಕಚ್ಚಿಸಬೇಡಿ. ಸ್ಪ್ರಿಂಗ್ ಬೋಲ್ಟ್ ಬಿಚ್ಚಲು ಲಿವರ್ ತುದಿಯ ತೂತಿಗೆ ಪಿನ್ ಹಾಕಿ ಹಿಡಿಯಿರಿ. ಸ್ಪೂಲ್‌ನ ಮೈಗೆ ಎಮರಿ ಪೇಪರ್ ಮುಟ್ಟಿಸಲೇಬಾರದು, ಅದರ ಚೂಪು ಅಂಚುಗಳೇ ಕೆಲಸ ಮಾಡುವುದು. ಹೊರಗೆ ಕಾಣುವ ತುದಿಯಲ್ಲಿ ತುಕ್ಕು ಇದ್ದರೆ ಮಾತ್ರ 1500 ನಂಬರ್ ವಾಟರ್ ಪೇಪರ್‌ಗೆ ಆಯಿಲ್ ಹಾಕಿ ಸುತ್ತಲೂ ಉಜ್ಜಿ, ಉದ್ದಕ್ಕೆ ಬೇಡ. ಆ ತುಕ್ಕಿನ ಗುಳಿ ಹಾಗೇ ಬಿಟ್ಟರೆ ಹೊಸ ಓ-ರಿಂಗನ್ನು ಅದೇ ತಿಂದುಹಾಕುತ್ತದೆ. ಒರೆಸಲು ನೂಲು ಬಿಡುವ ಕಾಟನ್ ವೇಸ್ಟ್ ಬಳಸಬೇಡಿ. ಕಂಪ್ರೆಸರ್ ಗಾಳಿ ಹೊಡೆಯಿರಿ.

ಈಗ ಉಗುರಿನಿಂದ ಸ್ಪೂಲ್ ಮೇಲೆ ಉದ್ದಕ್ಕೆ, ಅಡ್ಡಕ್ಕೆ ಸವರಿ ನೋಡಿ. ಉಗುರಿಗೆ ಸಿಗುವ ಗೀರು ಇದ್ದರೆ ಸೀಲ್ ಕಿಟ್‌ನಿಂದ ಏನೂ ಆಗದು. ಬೋರ್ ಹೋನಿಂಗ್ (ಒಳಮೈ ನಯವಾಗಿ ಉಜ್ಜುವುದು) ಮಾಡಿಸಿ, ಸ್ಪೂಲ್‌ಗೆ ಹಾರ್ಡ್ ಕ್ರೋಮ್ ಹಾಕಿಸಿ ಗ್ರೈಂಡ್ ಮಾಡಿಸಬಹುದು. ಬೆಂಗಳೂರಿನ ಪೀಣ್ಯದ ಕಡೆ ಇಂಥ ಕೆಲಸ ಮಾಡುವವರಿದ್ದಾರೆ. ಆದರೆ ಎರಡು ಲಿವರ್‌ನ ಸಾಧಾರಣ ವಾಲ್ವ್‌ಗೆ ಇಷ್ಟೆಲ್ಲಾ ಮಾಡಿಸುವ ಮುಂಚೆ ಹೊಸದರ ರೇಟು ಕೇಳಿ. ಅಂಥ ಹೊತ್ತಲ್ಲಿ ನಾನಾದರೆ ಹೊಸದನ್ನೇ ಹಾಕುತ್ತೇನೆ.

ಓ-ರಿಂಗ್ ಸೈಜ್ ವಿಷಯದಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಹಳೇ ರಿಂಗ್ ಒಂದು ಕಡೆ ಚಪ್ಪಟೆಯಾಗಿ, ಒಣಗಿ ಗಟ್ಟಿಯಾಗಿರುತ್ತದೆ. ಅದನ್ನು ಅಳೆದು ಅದೇ ಸೈಜ್ ತಂದರೆ ಸಡಿಲವೇ. ಬೋರ್‌ನೊಳಗೆ ರಿಂಗ್ ಕೂರುವ ಗ್ರೂವ್ ಮತ್ತು ಸ್ಪೂಲ್ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಇಂಚಿನ ಸೈಜಿನಲ್ಲಿ ರಿಂಗ್ ದಪ್ಪ 1.78, 2.62, 3.53 ಮಿ.ಮೀ. ಬರುತ್ತದೆ, ಮೆಟ್ರಿಕ್‌ನಲ್ಲಿ 2, 2.5, 3 ಹೀಗೆ. 2.62 ಬೇಕಾದ ಕಡೆ 2.5 ಹಾಕಿದರೆ ಮೊದಲ ದಿನ ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಸೋರುತ್ತದೆ. ಸಾಮಾನ್ಯ ಹೈಡ್ರಾಲಿಕ್ ಆಯಿಲ್‌ಗೆ ನೈಟ್ರೈಲ್ ರಬ್ಬರ್ ಸಾಕು.

ಜೋಡಿಸುವಾಗ ರಿಂಗ್, ಸ್ಪೂಲ್ ಎರಡಕ್ಕೂ ಹೈಡ್ರಾಲಿಕ್ ಆಯಿಲ್ ಸವರಿ. ಸ್ಪೂಲ್ ಅಂಚು ರಿಂಗ್ ದಾಟುವಾಗ ಸಣ್ಣ ಚೂರು ಕತ್ತರಿಸುತ್ತದೆ, ಗೊತ್ತೂ ಆಗುವುದಿಲ್ಲ. ಅದಕ್ಕೇ ಮೊದಲು ಸ್ಪೂಲನ್ನು ಬೋರ್‌ನಲ್ಲಿ ಕೂರಿಸಿ, ತುದಿಯಿಂದ ಸೀಲ್ ಹಾಕಲು ಬರುವ ವಾಲ್ವ್ ಆದರೆ ಹಾಗೇ ಮಾಡಿ. ಬಿಡಿ ಬಿಡಿ ಸೆಕ್ಷನ್ ಜೋಡಿಸಿದ ವಾಲ್ವ್ ಆಗಿದ್ದರೆ ಉದ್ದ ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ ಸಮನಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದು ಕಡೆ ಜಾಸ್ತಿಯಾದರೆ ಬಾಡಿ ತಿರುಚಿ ಸ್ಪೂಲ್ ಹಿಡಿದುಕೊಳ್ಳುತ್ತದೆ.

ಹೊಸ ಸೀಲ್ ಹಾಕಿದ ಮೇಲೂ ಬೇಗನೆ ಸೋರಿದರೆ ಸೀಲನ್ನು ಬೈಯಬೇಡಿ. ಹೆಚ್ಚಿನ ವಾಲ್ವ್‌ಗಳಲ್ಲಿ ಸ್ಪೂಲ್ ತುದಿಯ ಸೀಲ್‌ಗೆ ಬರುವುದು ಟ್ಯಾಂಕ್ ಕಡೆಯ ಪ್ರೆಶರ್ ಮಾತ್ರ. ರಿಟರ್ನ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಅಥವಾ ರಿಟರ್ನ್ ಕಪ್ಲರ್ (ಹೋಸ್ ಜೋಡಿಸುವ ಕೊಂಡಿ) ಪೂರ್ತಿ ಕೂತಿರದಿದ್ದರೆ ಅಲ್ಲಿ ಪ್ರೆಶರ್ ಏರಿ ಸೀಲ್ ಹೊರಗೆ ತಳ್ಳುತ್ತದೆ. ಅದಕ್ಕೇ ಫಿಲ್ಟರ್ ಹೇಗೂ ಬದಲಾಯಿಸಿ.

ಪ್ರೆಶರ್ ಮಿತಿ ಮೀರದಂತೆ ತಡೆಯುವ ರಿಲೀಫ್ ವಾಲ್ವ್‌ನ ಸ್ಕ್ರೂವನ್ನು ಪ್ರೆಶರ್ ಗೇಜ್ ಇಲ್ಲದೆ ತಿರುಗಿಸಬೇಡಿ. ಟ್ರ್ಯಾಕ್ಟರ್ ಲೋಡರ್‌ಗಳು ಸಾಮಾನ್ಯವಾಗಿ 150ರಿಂದ 200 ಬಾರ್ ಒಳಗೆ ಇರುತ್ತವೆ, ನಿಮ್ಮ ಪಂಪ್‌ಗೆ ಪುಸ್ತಕದಲ್ಲಿ ಹೇಳಿದ್ದೇ ಸರಿ. ಸ್ಟಾರ್ಟ್ ಮಾಡಿದ ಮೇಲೆ ಕಡಿಮೆ ಸ್ಪೀಡಿನಲ್ಲಿ ಲೋಡ್ ಇಲ್ಲದೆ ಲಿವರ್ ಆಡಿಸಿ ಗಾಳಿ ಹೋಗಲು ಬಿಡಿ, ಆಯಿಲ್ ಲೆವೆಲ್ ಮತ್ತೆ ನೋಡಿ. ಸೋರಿಕೆ ಹುಡುಕಲು ಬರಿಗೈ ಸವರಬೇಡಿ, ರಟ್ಟು ಹಿಡಿಯಿರಿ. ಸೂಜಿಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮದೊಳಗೆ ನುಗ್ಗುತ್ತದೆ. ನೋವು ಇಲ್ಲದಿದ್ದರೂ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು, ತಡ ಮಾಡಿದರೆ ಬೆರಳು ಕೈ ಕಳೆದುಕೊಳ್ಳಬೇಕಾಗುತ್ತದೆ.

ಎಲ್ಲಾ ಸರಿಯಾದ ಮೇಲೂ ತುಂಬಿದ ಬಕೆಟ್ ಬಹಳ ಹೊತ್ತಿಗೆ ಒಂಚೂರು ಇಳಿಯುವುದು ಸ್ಪೂಲ್ ವಾಲ್ವ್‌ನಲ್ಲಿ ಇದ್ದದ್ದೇ. ಸಿಲಿಂಡರ್ ಟೆಸ್ಟ್ ಮೊದಲು ಮಾಡಿ, ಏನಾಯ್ತು ಅಂತ ಹಾಕಿ. ಸ್ಪೂಲ್ ಬಿಚ್ಚಿದರೆ ಹತ್ತಿರದಿಂದ ಫೋಟೋ ಹಾಕಿ ಅಣ್ಣಾ, ಗೀರು ಎಷ್ಟಿದೆ ನೋಡಿ ಹೇಳುತ್ತೇನೆ.